ಮೇಷ್ಟ್ರು ಕುಡಿದವರಲ್ಲ, ಲಿವರ್ ಯಾಕೆ ಕೆಟ್ಟಿತು?

ಇಂದುಶೇಖರ ಮೇಷ್ಟ್ರಿಗೆ ಮೊದಲ ಮೊಮ್ಮಗಳು ಹುಟ್ಟಿದಳು. ಮಗಳು ಪೂಜಿತಾ ಇರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಮೇಷ್ಟ್ರು, ಅವರ ಹೆಂಡತಿ ವಿಜಯಾ ಇರುವುದು ಸ್ಟಾಕ್‌ಪೋರ್ಟ್‌ನಲ್ಲಿ. ಸುದ್ದಿ ಬಂದದ್ದೇ ತಡ, ಇಬ್ಬರೂ ರೈಲು ಹತ್ತಿದರು. ಮಗಳ ಮನೆ ಸೇರಿ, ಕೈ ತೊಳೆದುಕೊಂಡು, ವಿಜಯಾ ಕೂಸನ್ನು ಎದೆಗೊತ್ತಿಕೊಂಡು ಕಣ್ಣೀರು ಹಾಕಿದರು. ಮೇಷ್ಟ್ರು ಮಾತ್ರ ಬಾಗಿಲ ಹತ್ತಿರವೇ ನಿಂತರು.

"ಅಪ್ಪ, ಬಾ. ಎತ್ಕೋ," ಎಂದಳು ಪೂಜಿತಾ.

"ಸ್ವಲ್ಪ ಶೀತ ಇದೆ ಕಣಮ್ಮಾ. ಇನ್ನೊಂದ್ಸಲ ಬಂದಾಗ ಎತ್ಕೋತೀನಿ."

ಇನ್ನೊಂದು ಸಲ ಹೋದಾಗಲೂ ಶೀತ. ಅದರ ಮುಂದಿನ ಸಲ ಬೆನ್ನುನೋವು. ಪೂಜಿತಾಳ ಮುಖ ಸಪ್ಪಗಾಯಿತು. "ಅಮ್ಮ, ಅಪ್ಪನಿಗೆ ಗಂಡು ಮಗು ಬೇಕಿತ್ತಾ?" ಎಂದು ಅಡುಗೆಮನೆಯಲ್ಲಿ ಕೇಳಿಯೇ ಬಿಟ್ಟಳು. ವಿಜಯಾಗೆ ಗೊತ್ತು, ತನ್ನ ಗಂಡ ಅಂಥ ಮನುಷ್ಯನಲ್ಲ. ಹಾಗಾದರೆ ಏನಾಗಿದೆ ಇವರಿಗೆ?

ಮನೆಯಲ್ಲೂ ಅವರು ಬದಲಾಗಿದ್ದರು. ತಮ್ಮ ತಟ್ಟೆ ಲೋಟ ತಾವೇ ತೊಳೆದು ಬೇರೆ ಇಡುತ್ತಿದ್ದರು. "ಗೊರಕೆ ಹೊಡೀತೀನಿ, ನಿನಗೆ ನಿದ್ದೆ ಕೆಡತ್ತೆ," ಎಂದು ಹಿಂದಿನ ಸಣ್ಣ ಕೋಣೆಗೆ ಹಾಸಿಗೆ ಸಾಗಿಸಿದ್ದರು. ಫೋನ್ ಬಂದರೆ ಹೆಸರು ನೋಡಿ ಕಟ್ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಅವರು ಹಿತ್ತಲಲ್ಲಿದ್ದಾಗ ಲ್ಯಾಂಡ್‌ಲೈನ್ ರಿಂಗಾಯಿತು. ವಿಜಯಾ ಎತ್ತಿದರು. ಆಸ್ಪತ್ರೆಯಿಂದ ಒಬ್ಬ ನರ್ಸ್. ಏನು ಎತ್ತ ಹೇಳಲಿಲ್ಲ. "ದಯವಿಟ್ಟು ಅವರಿಗೆ ನಮ್ಮನ್ನು ಸಂಪರ್ಕಿಸಲು ಹೇಳಿ, ಕೆಲವು ವಾರಗಳಿಂದ ಪ್ರಯತ್ನಿಸುತ್ತಿದ್ದೇವೆ," ಎಂದಷ್ಟೇ ಹೇಳಿ ಇಟ್ಟರು.

ವಿಜಯಾ ಹಿತ್ತಲಿಗೆ ಹೋಗಿ ಗಂಡನ ಎದುರು ನಿಂತರು. "ರೀ, ಆಸ್ಪತ್ರೆಯವರು ಫೋನ್ ಮಾಡಿದ್ರು. ಏನಾಗಿದೆ ಹೇಳಿ. ಇಲ್ದಿದ್ರೆ ನಾನು ಇವತ್ತು ಒಲೆ ಹಚ್ಚಲ್ಲ."

ಮೇಷ್ಟ್ರು ಕೈಯಲ್ಲಿದ್ದ ಗುದ್ದಲಿಯನ್ನು ಬೇಲಿಗೆ ಒರಗಿಸಿದರು. ಆಮೇಲೆ ಮೆಲ್ಲಗೆ ಎಲ್ಲವನ್ನೂ ಹೇಳಿದರು. ಚಳಿಗಾಲದಲ್ಲಿ ಮ್ಯಾಂಚೆಸ್ಟರಿನ ಪಿಕಡಿಲಿ ರೈಲು ಸ್ಟೇಷನ್ನಿನಲ್ಲಿ ಜಾರಿಬಿದ್ದು ತಲೆಗೆ ಪೆಟ್ಟಾಗಿತ್ತಲ್ಲ, ಆಗ ಆಸ್ಪತ್ರೆಯ ತುರ್ತು ವಿಭಾಗವಾದ ಎ ಅಂಡ್ ಇಯಲ್ಲಿ ರಕ್ತ ತೆಗೆದಿದ್ದರು. ಅಲ್ಲಿ ರಕ್ತ ತೆಗೆದವರಿಗೆಲ್ಲ, ಬೇಡ ಎನ್ನದಿದ್ದರೆ, ಕೆಲವು ವೈರಸ್‌ಗಳ ಪರೀಕ್ಷೆಯನ್ನೂ ಮಾಡುತ್ತಾರೆ. ಗೋಡೆಯ ಮೇಲೆ ಹಾಗೆಂದು ಬರೆದಿತ್ತು. ಮೇಷ್ಟ್ರ ರಕ್ತದಲ್ಲಿ ಹೆಪಟೈಟಿಸ್ ಸಿ ಸಿಕ್ಕಿದೆ ಎಂದು ಆಸ್ಪತ್ರೆಯಿಂದ ಕಾಗದ ಬಂದಿತ್ತು.

"ಹಾಗಂದ್ರೆ?"

"ಲಿವರ್ ಕಾಯಿಲೆ ವಿಜಯಾ. ಅಂಟುರೋಗ."

ವಿಜಯಾ ಮೆಟ್ಟಿಲ ಮೇಲೆ ಕೂತರು. ಲಿವರ್ ಎಂದೊಡನೆ ಅವರಿಗೆ ನೆನಪಾಗಿದ್ದು ದಾವಣಗೆರೆಯ ಚಿಕ್ಕಪ್ಪ. ಕುಡಿದು ಕುಡಿದು, ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಅರಿಶಿನವಾಗಿ ಹೋದವರು. ಬಾಯಿಗೆ ಬಂದ ಮಾತನ್ನು ತಡೆಯಲಾಗಲಿಲ್ಲ. "ನಿಜ ಹೇಳಿ. ನನಗೆ ಗೊತ್ತಿಲ್ದಂಗೆ ಕುಡೀತಿದ್ರಾ?"

ಮೇಷ್ಟ್ರು ಹೆಂಡತಿಯ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದರು. ಅವರು ಜನ್ಮದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಸ್ಕೂಲಿನ ಸ್ಟಾಫ್ ಪಾರ್ಟಿಗಳಲ್ಲಿ ಕಿತ್ತಳೆ ರಸ ಹಿಡಿದು ನಿಂತು ನಗೆಪಾಟಲಾದವರು. ಅದು ವಿಜಯಾಗೂ ಗೊತ್ತಿತ್ತು. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

ಮಧ್ಯಾಹ್ನ ಗಂಡನಿಗೆ ಊಟ ಬಡಿಸುತ್ತ ಅವರು ಹೇಳಿದರು: "ತಪ್ಪಾಯ್ತು. ಸುಮ್ನೆ ಹೆದರಿಕೇಲಿ ಕೇಳ್ಬಿಟ್ಟೆ."

"ನೀನೇ ಹಾಗೆ ಕೇಳಿದ ಮೇಲೆ ಜನ ಏನು ಕೇಳ್ತಾರೆ ಹೇಳು. ಅದಕ್ಕೇ ನಾನು ಯಾರಿಗೂ ಹೇಳಲಿಲ್ಲ."

"ಹಂಸಾನ ಕರೀಲಾ?"

"ಬೇಡ. ಇಡೀ ಮ್ಯಾಂಚೆಸ್ಟರ್ ಕನ್ನಡದವರಿಗೆಲ್ಲ ಗೊತ್ತಾಗತ್ತೆ."

ಹಂಸಾ ಧಾರವಾಡದ ಕಡೆಯವರು, ಎರಡು ಬೀದಿ ಆಚೆಗಿನ ಮನೆ. ಪಕ್ಕದ ಊರಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯರು. "ಅವಳು ಡಾಕ್ಟರು ರೀ, ಡಂಗುರ ಹೊಡೆಯೋಳಲ್ಲ," ಎಂದು ವಿಜಯಾ ಬೆನ್ನುಬಿದ್ದರು. ಎರಡು ದಿನ ಹಟ ಮಾಡಿ ಮೇಷ್ಟ್ರು ಕೊನೆಗೆ "ಹೂಂ" ಅಂದರು. ಅಷ್ಟರೊಳಗೆ ವಿಜಯಾ ಸುಮ್ಮನಿರಲಿಲ್ಲ. ಲೆಸ್ಟರ್‌ನ ಅಂಗಡಿಯೊಂದಕ್ಕೆ ಫೋನ್ ಮಾಡಿ, ಕಾಮಾಲೆಗೆ ಕೊಡುವ ನೆಲನೆಲ್ಲಿ ಪುಡಿ ತರಿಸಿ ಇಟ್ಟಿದ್ದರು.

ಭಾನುವಾರ ಹಂಸಾ ಬಂದರು. ಕಾಫಿ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. "ಮೇಷ್ಟ್ರೇ, ಮೊದಲೇ ಹೇಳ್ತೀನಿ. ನಾನು ನಿಮ್ಮ ಡಾಕ್ಟರಾಗಿ ಬಂದಿಲ್ಲ, ಮನೆಯವಳಾಗಿ ಬಂದಿದೀನಿ. ಈ ಮಾತು ಈ ಮನೆ ದಾಟಲ್ಲ. ಈಗ ಒಂದು ಪ್ರಶ್ನೆ. ಯಾವತ್ತಾದ್ರೂ ನಿಮಗೆ ರಕ್ತ ಕೊಟ್ಟಿದ್ರಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಮದುವೆಯಾದ ಹೊಸತು. ಇಬ್ಬರೂ ಹೋಗುತ್ತಿದ್ದ ಬಸ್ಸು ಚಿತ್ರದುರ್ಗದ ಹತ್ತಿರ ಮಗುಚಿಬಿತ್ತು. ವಿಜಯಾಗೆ ಗೀರು ಗಾಯ. ಮೇಷ್ಟ್ರ ತೊಡೆ ಸೀಳಿ ರಕ್ತ ಕೋಡಿ ಹರಿದಿತ್ತು. ವಿಜಯಾ ಅವರ ಅಣ್ಣ ಪ್ರಭಾಕರ ಊರೆಲ್ಲ ಓಡಾಡಿ, ಗುರುತಿದ್ದವರ ಕೈಕಾಲು ಹಿಡಿದು ರಕ್ತ ಹೊಂದಿಸಿದ್ದ. "ಇನ್ನು ಅರ್ಧ ಗಂಟೆ ತಡವಾಗಿದ್ರೆ ನಿನ್ನ ಗಂಡ ಉಳೀತಿರಲಿಲ್ಲಮ್ಮ," ಎಂದು ಅಂದು ಡಾಕ್ಟರು ಹೇಳಿದ್ದನ್ನು ವಿಜಯಾ ಇನ್ನೂ ಮರೆತಿಲ್ಲ.

"ಆ ಕಾಲದಲ್ಲಿ ಈ ವೈರಸ್ ಇದೆ ಅಂತಾನೇ ಯಾರಿಗೂ ಗೊತ್ತಿರಲಿಲ್ಲ ಅಕ್ಕಾ," ಎಂದರು ಹಂಸಾ. "ರಕ್ತ ಪರೀಕ್ಷೆ ಮಾಡೋಕೆ ದಾರಿಯೇ ಇರಲಿಲ್ಲ. ಅದರಿಂದಲೇ ಬಂತು ಅಂತ ಆಣೆ ಮಾಡಿ ಹೇಳೋಕಾಗಲ್ಲ. ಚೆನ್ನಾಗಿ ಕುದಿಸದ ಸೂಜಿಯಿಂದ ಬಂದಿರಬಹುದು, ಕ್ಷೌರದ ಕತ್ತಿಯಿಂದಲೂ ಬಂದಿರಬಹುದು. ಆದ್ರೆ ಕುಡಿತದಿಂದ ಅಂತೂ ಈ ವೈರಸ್ ಬರಲ್ಲ."

ವಿಜಯಾ ತಲೆ ತಗ್ಗಿಸಿದರು. ಅಣ್ಣ ಅಂದು ತಂದ ರಕ್ತವೇ ಈ ಕಾಯಿಲೆಯನ್ನೂ ತಂದಿತೇ? ಮೇಷ್ಟ್ರಿಗೆ ಅದು ಗೊತ್ತಾಯಿತೇನೋ. "ಪ್ರಭಾಕರನ್ನ ಏನೂ ಅನ್ಬೇಡ," ಎಂದರು. "ಅವನು ಓಡದಿದ್ರೆ ನಾನೂ ಇಲ್ಲ, ಪೂಜಿತಾನೂ ಇಲ್ಲ."

"ಆದ್ರೆ ಹಂಸಾ, ಇಷ್ಟು ವರ್ಷ ಇವರಿಗೆ ಏನೂ ಆಗಿಲ್ಲವಲ್ಲ," ವಿಜಯಾ ಕೇಳಿದರು. "ಕಣ್ಣು ಹಳದಿಯಾಗಿಲ್ಲ, ಊಟ ಸೇರತ್ತೆ."

"ಅದೇ ಇದರ ಕಳ್ಳಾಟ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರ್ ತಿಂತಾ ಇರತ್ತೆ. ಗೊತ್ತಾಗೋ ಹೊತ್ತಿಗೆ ಲಿವರ್ ಗಟ್ಟಿಯಾಗಿರತ್ತೆ, ಕೆಲವರಿಗೆ ಕ್ಯಾನ್ಸರ್ ಕೂಡ ಆಗಿರತ್ತೆ. ಹಾಗಂತ ಈಗ ಹೆದರಬೇಕಾಗಿಲ್ಲ. ಇದಕ್ಕೆ ಮಾತ್ರೆ ಬಂದಿದೆ. ಎರಡು ಮೂರು ತಿಂಗಳು ತಗೊಂಡ್ರೆ ಸಾಕು, ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನಕ್ಕೆ ವಾಸಿಯಾಗತ್ತೆ. ಪೂರ್ತಿ ವಾಸಿ."

ಮೇಷ್ಟ್ರು ಮೊದಲ ಬಾರಿ ತಲೆ ಎತ್ತಿದರು. "ಮಗು... ಮೊಮ್ಮಗಳನ್ನ ಎತ್ಕೋಬಹುದಾ?"

ಹಂಸಾ ಕಾಫಿ ಲೋಟ ಕೆಳಗಿಟ್ಟರು. "ಅಯ್ಯೋ ಮೇಷ್ಟ್ರೇ, ಅದಕ್ಕಾ ಇಷ್ಟು ದಿನ ದೂರ ನಿಂತಿದ್ದು? ಎತ್ಕೊಳ್ಳಿ, ಮುದ್ದಾಡಿ. ಒಂದೇ ತಟ್ಟೇಲಿ ಊಟ ಮಾಡಿದ್ರೂ, ಒಂದೇ ಲೋಟದಲ್ಲಿ ಕುಡಿದ್ರೂ, ಕೆಮ್ಮಿದ್ರೂ ಹೆಪಟೈಟಿಸ್ ಸಿ ಬರಲ್ಲ. ರಕ್ತ ರಕ್ತ ಸೇರಿದ್ರೆ ಮಾತ್ರ. ರೇಜರ್, ಟೂತ್‌ಬ್ರಷ್ ಬೇರೆ ಇರಲಿ, ಗಾಯಕ್ಕೆ ಪ್ಲಾಸ್ಟರ್ ಹಾಕಿ. ಅಷ್ಟೇ."

"ಮತ್ತೆ ಊರಲ್ಲಿ ಕಾಮಾಲೆ ನೀರಿಂದ ಬರತ್ತೆ ಅಂತಿದ್ರಲ್ಲ?" ವಿಜಯಾ ಬಿಡಲಿಲ್ಲ.

"ಅದು ಬೇರೆ ವೈರಸ್ ಅಕ್ಕಾ. ಹೆಪಟೈಟಿಸ್ ಎ, ಇ. ಕೆಟ್ಟ ನೀರು, ಕೆಟ್ಟ ಆಹಾರದಿಂದ ಬರತ್ತೆ. ಸಾಮಾನ್ಯವಾಗಿ ತಾನಾಗೇ ಹೋಗತ್ತೆ. ಆದ್ರೆ ಬಸುರಿಯರಿಗೆ ಇ ತುಂಬ ಅಪಾಯ. ಬಿ ಇದೆಯಲ್ಲ, ಅದು ರಕ್ತದಿಂದ, ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೆ, ದೇಹಸಂಬಂಧದಿಂದ ಬರತ್ತೆ. ಅದಕ್ಕೆ ಲಸಿಕೆ ಇದೆ. ನಿಮ್ಮ ಮೊಮ್ಮಗಳಿಗೂ ಇಲ್ಲಿ ಹಾಕ್ತಾರೆ. ಸಿ ವೈರಸ್ಸಿಗೆ ಲಸಿಕೆ ಇಲ್ಲ, ಆದ್ರೆ ವಾಸಿ ಮಾಡೋ ಮಾತ್ರೆ ಇದೆ."

ವಿಜಯಾ ಎದ್ದು ಹೋಗಿ ನೆಲನೆಲ್ಲಿ ಪುಡಿಯ ಡಬ್ಬಿ ತಂದರು. "ಹಾಗಾದ್ರೆ ಇದು?"

"ಇದನ್ನ ಮುಟ್ಟಬೇಡಿ. ಇದರಲ್ಲಿ ಏನೇನು ಬೆರೆಸಿದಾರೆ ನಮಗೆ ಗೊತ್ತಿಲ್ಲ. ಲಿವರ್ ಮೊದಲೇ ನೊಂದಿದೆ. ಮಾತ್ರೆ ಜೊತೆ ಸೇರಿ ಏನಾದ್ರೂ ಆದ್ರೆ? ಯಾವ ಪುಡಿ, ಯಾವ ಕಷಾಯ ತಗೊಳ್ತಿದ್ರೂ ಆಸ್ಪತ್ರೆಯವರಿಗೆ ಮೊದಲು ಹೇಳಿ." ಆಮೇಲೆ ಹಂಸಾ ವಿಜಯಾ ಕಡೆ ತಿರುಗಿದರು. "ಅಕ್ಕಾ, ನೀವೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ. ಗಂಡ ಹೆಂಡತಿ ಮಧ್ಯೆ ಹರಡೋದು ಕಡಿಮೆ. ಆದ್ರೂ ನೋಡಿಸಿಬಿಡಿ."

ವಿಜಯಾ ಡಬ್ಬಿಯ ಮುಚ್ಚಳ ಬಿಗಿದರು. ಬೇರೆಯವರಿಗೆ ಹೇಳುವುದು ಸುಲಭ. "ನನಗೆ ಬೇಡಮ್ಮ. ಇದ್ರೆ ಇರಲಿ. ಗೊತ್ತಾಗಿ ಏನಾಗಬೇಕು?"

ಆಗ ಮೇಷ್ಟ್ರು ಮಾತಾಡಿದರು. ಇಷ್ಟು ದಿನ ಆಸ್ಪತ್ರೆಯ ಫೋನ್ ಎತ್ತದೆ ತಪ್ಪಿಸಿಕೊಂಡ ಮನುಷ್ಯ. "ನೋಡು ವಿಜಯಾ. ನೀನು ಪರೀಕ್ಷೆ ಮಾಡಿಸಿದ್ರೆ ನಾನು ಮಾತ್ರೆ ನುಂಗ್ತೀನಿ. ಇಲ್ದಿದ್ರೆ ಇಲ್ಲ."

"ಇದ್ಯಾವ ಸೀಮೆ ಹಟ ರೀ?"

"ನಿಂದೇ. ಒಲೆ ಹಚ್ಚಲ್ಲ ಅಂದೆಯಲ್ಲ, ಅದೇ ಹಟ."

ಹಂಸಾ ನಕ್ಕುಬಿಟ್ಟರು. ವಿಜಯಾಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಮರುದಿನ ಮೇಷ್ಟ್ರೇ ನರ್ಸಿಗೆ ಫೋನ್ ಮಾಡಿದರು. ಬೈಗುಳ ಬೀಳುತ್ತದೆ ಎಂದುಕೊಂಡಿದ್ದರು. ಆಕೆ, "ಫೋನ್ ಮಾಡಿದ್ದು ತುಂಬ ಒಳ್ಳೆಯದಾಯಿತು," ಎಂದು ಸಮಾಧಾನವಾಗಿ ಮಾತಾಡಿಸಿದರು. ಅದೇ ವಾರ ಇಬ್ಬರೂ ಲೀಡ್ಸ್‌ಗೆ ಹೋಗಿ ಮಗಳಿಗೆ ಎಲ್ಲವನ್ನೂ ಹೇಳಿದರು. ಪೂಜಿತಾ ಮಗುವನ್ನು ತಂದು ಅಪ್ಪನ ತೊಡೆಯ ಮೇಲೆ ಮಲಗಿಸಿದಳು. ಮೇಷ್ಟ್ರು ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡರು.

ವಿಜಯಾ ಅವರ ರಕ್ತದಲ್ಲಿ ಏನೂ ಇರಲಿಲ್ಲ. ಮೇಷ್ಟ್ರ ಲಿವರ್ ಮಾತ್ರ ಗಟ್ಟಿಯಾಗಲು ಶುರುವಾಗಿತ್ತು. ಮಾತ್ರೆ ಶುರುವಾದ ಹೊಸದರಲ್ಲಿ ಸ್ವಲ್ಪ ತಲೆನೋವು, ಸುಸ್ತು. ಒಂದು ದಿನವೂ ತಪ್ಪಿಸದಂತೆ ವಿಜಯಾ ತಿಂಡಿಯ ಜೊತೆಗೇ ಕೊಡುತ್ತಿದ್ದರು. ಮಾತ್ರೆ ಮುಗಿದು ಮತ್ತೆ ಮೂರು ತಿಂಗಳಾದ ಮೇಲೆ ಕೊನೆಯ ಪರೀಕ್ಷೆ. ವೈರಸ್ ಇಲ್ಲ. ನರ್ಸ್ ಹೇಳಿದ್ದನ್ನು ವಿಜಯಾ ಎರಡು ಸಲ ಹೇಳಿಸಿ ಕೇಳಿದರು. "ಆದ್ರೆ ಲಿವರ್‌ನ ಹಳೆ ಗಾಯ ಇದ್ದೇ ಇರತ್ತೆ," ಎಂದರು ಆಕೆ. "ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು." ಹತ್ತು ವರ್ಷ ಮುಂಚೆ ಗೊತ್ತಾಗಿದ್ದರೆ ಅದೂ ಬೇಕಾಗುತ್ತಿರಲಿಲ್ಲವೇನೋ ಎಂಬ ಕೊರಗು ವಿಜಯಾಗೆ ಇವತ್ತಿಗೂ ಇದೆ.

ಆ ವರ್ಷದ ದೀಪಾವಳಿಗೆ ಕನ್ನಡದವರೆಲ್ಲ ಸ್ಟಾಕ್‌ಪೋರ್ಟಿನ ಒಂದು ಚರ್ಚ್ ಹಾಲಿನಲ್ಲಿ ಸೇರಿದ್ದರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬರ್ಮಿಂಗ್‌ಹ್ಯಾಮಿನ ಪರಿಚಯದವರೊಬ್ಬರ ಮಾತು ಬಂತು. ಅವರಿಗೆ ಲಿವರ್ ಕೆಟ್ಟಿದೆಯಂತೆ. "ಒಳಗೊಳಗೇ ಕುಡೀತಿದ್ರೇನೋ ಬಿಡಿ," ಎಂದು ಯಾರೋ ನಕ್ಕರು.

ಮೇಷ್ಟ್ರು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ನಾನು ಕುಡೀತೀನಾ?" ಎಂದು ಕೇಳಿದರು.

"ಛೇ ಛೇ, ನೀವಾ ಮೇಷ್ಟ್ರೇ?"

"ನನಗೂ ಲಿವರ್ ಕಾಯಿಲೆ ಇತ್ತು. ಹೆಪಟೈಟಿಸ್ ಸಿ. ಎಂದೋ ಹಾಕಿಸಿಕೊಂಡ ರಕ್ತದಿಂದ ಬಂದಿರಬಹುದು. ಮಾತ್ರೆ ತಗೊಂಡೆ, ವೈರಸ್ ಹೋಯ್ತು. ಹೀಗೆ ನಗ್ತಾರೆ ಅಂತಲೇ ನಾನು ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡಿದ್ದೆ. ಮೊಮ್ಮಗಳನ್ನೂ ಮುಟ್ಟಿರಲಿಲ್ಲ."

ವಿಜಯಾ ಎದ್ದು ಹೋಗಿ ಗಂಡನ ಪಕ್ಕ ನಿಂತುಕೊಂಡರು. ನಕ್ಕವರು ಬಂದು ಮೇಷ್ಟ್ರ ಕೈ ಹಿಡಿದು, "ತಿಳೀದೆ ಅಂದೆ," ಎಂದರು.

ಪಾತ್ರೆ ತೊಳೆಯುವಾಗ ಹರ್ಷಿತಾ ಎಂಬ ಹುಬ್ಬಳ್ಳಿ ಹುಡುಗಿ ವಿಜಯಾ ಹತ್ತಿರ ಬಂದಳು. ಮ್ಯಾಂಚೆಸ್ಟರಿಗೆ ಓದಲು ಬಂದವಳು. "ಆಂಟಿ, ನಾನು ಹುಟ್ಟಿದಾಗ ಅಮ್ಮಂಗೆ ಭಾಳ ರಕ್ತ ಹೋಗಿತ್ತಂತ. ಎರಡು ಬಾಟ್ಲಿ ಹಾಕಿದ್ರಂತ. ಅವ್ರೂ ಪರೀಕ್ಷೆ ಮಾಡಿಸ್ಬೇಕೇನ್ರೀ?"

"ಈಗಲೇ ಫೋನ್ ಮಾಡು ಮಗಳೇ."

ಹುಬ್ಬಳ್ಳಿಯಲ್ಲಿ ತಾಯಿ ಫೋನ್ ಎತ್ತಿದರು. ಎಲ್ಲವನ್ನೂ ಕೇಳಿಸಿಕೊಂಡು, "ನನಗೇನಾಗೇತಿ? ಗುಂಡುಕಲ್ಲಿನಂಗ ಅದೀನಿ," ಎಂದು ನಕ್ಕರು. ವಿಜಯಾ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಫೋನ್ ಇಸಿದುಕೊಂಡರು.

"ನಮ್ಮನೆಯವರೂ ಗುಂಡುಕಲ್ಲಿನ ಹಾಗೇ ಇದ್ರು ತಾಯಿ. ಒಂದೇ ಒಂದು ಸಲ ರಕ್ತ ಕೊಟ್ಟು ನೋಡಿಸಿ. ಏನೂ ಇಲ್ಲ ಅಂದ್ರೆ ನನಗೆ ಎರಡು ಬೈಗುಳ ಬೈದುಬಿಡಿ."

ಆ ಕಡೆಯಿಂದ ದನಿ ಬಂತು: "ಆತ್ರೀ ಅಕ್ಕಾ. ನಾಳೆನೇ ಹೋಗ್ತೀನಿ."

ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಈಗ ನಿಮ್ಮ ಮನೆಯ ಕಡೆ ತಿರುಗಿ ನೋಡಿ. ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ರಕ್ತ ಹಾಕಿಸಿಕೊಂಡವರು, ಒಂದೇ ಸೂಜಿಯಲ್ಲಿ ಹಲವರಿಗೆ ಚುಚ್ಚುತ್ತಿದ್ದ ಕಾಲದಲ್ಲಿ ಇಂಜೆಕ್ಷನ್ ತೆಗೆದುಕೊಂಡವರು, ಹಚ್ಚೆ ಹಾಕಿಸಿಕೊಂಡವರು ಇದ್ದಾರಲ್ಲವೇ? ಮನೆಯಲ್ಲಿ ಯಾರಿಗಾದರೂ ಹೆಪಟೈಟಿಸ್ ಬಿ ಅಥವಾ ಸಿ ಇದ್ದ ನೆನಪಿದೆಯೇ? ಕಣ್ಣು ಹಳದಿಯಾಗುವವರೆಗೆ ಕಾಯಬೇಡಿ. ಇಲ್ಲಿ ಬ್ರಿಟನ್ನಿನಲ್ಲಿದ್ದರೆ ನಿಮ್ಮ ಜಿಪಿಯನ್ನು ಕೇಳಿ. ಊರಿನಲ್ಲಿರುವ ತಂದೆ ತಾಯಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲು ಹೇಳಿ, ಅಲ್ಲಿಯೂ ಈ ಪರೀಕ್ಷೆ, ಔಷಧಿ ಉಚಿತವಾಗಿ ಸಿಗುತ್ತವೆ. ಮಕ್ಕಳ ಹೆಪಟೈಟಿಸ್ ಬಿ ಲಸಿಕೆಯನ್ನು ತಪ್ಪಿಸಬೇಡಿ. ಕಾಯಿಲೆ ಇದೆ ಎಂದು ಯಾರಾದರೂ ಹೇಳಿಕೊಂಡರೆ, ಹೇಗೆ ಬಂತು ಎಂದು ಕೆದಕುವ ಮೊದಲು ಅವರ ಪಕ್ಕದಲ್ಲಿ ಕೂತು ಊಟ ಮಾಡಿ. ಇವತ್ತೇ ಯಾರಿಗೆ ಫೋನ್ ಮಾಡಬೇಕೆಂದು ನಿಮಗೇ ಗೊತ್ತಿದೆ. ಮಾಡಿಬಿಡಿ.