ಬುಧವಾರದ ಟೇಪಿನಲ್ಲಿ ಇಲ್ಲದ್ದು

‘ಗ್ರೇಸ್ಟನ್ ಪಿಯರ್’ ಧಾರಾವಾಹಿಯ ಬಗ್ಗೆ ದಿವಾಕರನಿಗಿದ್ದ ದೂರು ಒಂದೇ: ಎಡಿಟಿಂಗ್ ಸರಿಯಿಲ್ಲ.

ಕಥೆ ಚೆನ್ನಾಗಿತ್ತು, ನಟನೆ ಚೆನ್ನಾಗಿತ್ತು. ಇಂಗ್ಲೆಂಡಿನ ಆ ಕಡಲತೀರದ ಊರಿನ ಮಂಜು, ಒದ್ದೆ ಕಲ್ಲಿನ ಬೀದಿಗಳು, ಮಾಡಿಟ್ಟ ಟೀ ಕುಡಿಯಲು ಮರೆತು ಯೋಚಿಸುತ್ತ ನಿಲ್ಲುವ ಇನ್‌ಸ್ಪೆಕ್ಟರ್ ಪೆಲ್, ಯಾವುದಕ್ಕೂ ಹೆಸರಿಡುವ ಹಾಗಿರಲಿಲ್ಲ. ಆದರೆ ಇದ್ದಕ್ಕಿದ್ದಂತೆ ದೃಶ್ಯ ಜಿಗಿಯುತ್ತಿತ್ತು. ಸೋಫಾದ ಎರಡು ತುದಿಗಳಲ್ಲಿ ಕೂತು ಮಾತಾಡುತ್ತಿದ್ದ ಗಂಡು ಹೆಣ್ಣು ಮರುಕ್ಷಣ ಅಡುಗೆಮನೆಯಲ್ಲಿ ಮೊಟ್ಟೆ ಹುರಿಯುತ್ತಿದ್ದರು. ಕಿಟಕಿಯಾಚೆ ಸಂಜೆಯಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಗಾಗಿರುತ್ತಿತ್ತು. ಇಷ್ಟೆಲ್ಲ ಶ್ರದ್ಧೆಯಿಂದ ತೆಗೆದವರು ಕತ್ತರಿಯನ್ನು ಮಾತ್ರ ಯಾರೋ ಅಡ್ಡಕಸುಬಿಯ ಕೈಗೆ ಕೊಟ್ಟಿದ್ದಾರೆ ಎಂದು ದಿವಾಕರ ತೀರ್ಮಾನಿಸಿದ್ದ.

ಸಿಡ್ನಿಯ ಚಾಟ್ಸ್‌ವುಡ್‌ನ ಒಂದು ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆ ಮಾಡುವ ರಸಾಯನಶಾಸ್ತ್ರಜ್ಞ ಅವನು. ಕಂಡ ದೋಷವನ್ನು ಬರೆದಿಡದೆ ಬಿಡುವ ಜಾಯಮಾನ ಅವನದಲ್ಲ. ಇಂಟರ್‌ನೆಟ್ಟಿನಲ್ಲಿ ಆ ಧಾರಾವಾಹಿಯ ಅಭಿಮಾನಿಗಳು ಸೇರಿ ಹರಟುವ ಒಂದು ತಾಣವಿತ್ತು. ಅಲ್ಲಿ ಅವನು ‘ಸಂಕಲನದ ದೋಷಗಳು’ ಎಂಬ ತಲೆಬರಹ ಕೊಟ್ಟು ಉದ್ದನೆಯ ಅಭಿಪ್ರಾಯ ಹಾಕಿದ. ಅಡಿಲೇಡಿನ ಒಬ್ಬಳು, ‘ಸ್ವಾಮಿ, ಮೊದಲು ನಿಮ್ಮ ಮನೆಯ ಆಂಟೆನಾ ರಿಪೇರಿ ಮಾಡಿಸಿ’ ಎಂದು ಉತ್ತರಿಸಿದಳು. ಪರ್ತ್‌ನವನೊಬ್ಬ, ‘ನೀವು ನೋಡುತ್ತಿರುವುದು ಬೇರೆ ಯಾವುದೋ ಕಾರ್ಯಕ್ರಮ ಇರಬೇಕು’ ಎಂದ. ಜನಕ್ಕೆ ಸೂಕ್ಷ್ಮವಾಗಿ ನೋಡುವ ಅಭ್ಯಾಸವೇ ಇಲ್ಲ ಎಂದುಕೊಂಡು ದಿವಾಕರ ಸುಮ್ಮನಾದ.

ಧಾರಾವಾಹಿ ಬರುತ್ತಿದ್ದದ್ದು ಬುಧವಾರ ರಾತ್ರಿ, ಎಂಟೂವರೆಗೆ. ಪ್ರಯೋಗಾಲಯದಲ್ಲಿ ವಾರದ ವರದಿ ಮುಗಿಸುವ ದಿನವೂ ಅದೇ ಆದ್ದರಿಂದ ಅವನು ಮನೆ ಸೇರುವುದು ತಡವಾಗುತ್ತಿತ್ತು. ಹೆಂಡತಿ ತಾರಾ ಫಾರ್ಮಸಿಯ ಕೆಲಸ ಮುಗಿಸಿ ಬಂದು, ವಿಸಿಆರ್‌ನಲ್ಲಿ ಅದನ್ನು ರೆಕಾರ್ಡ್ ಮಾಡಿಡುತ್ತಿದ್ದಳು. ಸುಮ್ಮನೆ ಗುಂಡಿ ಒತ್ತಿ ಎದ್ದು ಹೋಗುವವಳಲ್ಲ. ರಿಮೋಟ್ ಹಿಡಿದು ಎದುರಿಗೇ ಕೂತು, ಜಾಹೀರಾತು ಬಂದಾಗಲೆಲ್ಲ ನಿಲ್ಲಿಸಿ, ಮುಗಿದಾಗ ಮತ್ತೆ ಶುರುಮಾಡುತ್ತಿದ್ದಳು. ಶನಿವಾರ ಮಧ್ಯಾಹ್ನ ಆ ಟೇಪು ಹಾಕಿದರೆ ಕಾರು ಮಾರುವವರು, ಕಾರ್ಪೆಟ್ ಮಾರುವವರು ಯಾರೂ ಅಡ್ಡ ಬರುತ್ತಿರಲಿಲ್ಲ. “ಇಡೀ ಸಿಡ್ನಿಯಲ್ಲಿ ಇಷ್ಟು ಶುದ್ಧವಾದ ಟೇಪು ಇನ್ನೊಂದು ಮನೇಲಿಲ್ಲ” ಎಂದು ದಿವಾಕರ ಬಂದವರ ಮುಂದೆಲ್ಲ ಹೇಳುತ್ತಿದ್ದ. ಆಗ ತಾರಾ ಮಾತ್ರ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಪ್ರತಿ ಭಾನುವಾರ ಬೆಳಗ್ಗೆ ಮೆಲ್ಬರ್ನ್‌ನಿಂದ ಮಗಳು ಅಪರ್ಣಳ ಫೋನು. ಅವಳು ಆ ವರ್ಷ ಓದಲು ಹೋಗಿ, ಅಲ್ಲಿನ ಕ್ಲೇಟನ್‌ನಲ್ಲಿ ಮೂವರು ಗೆಳತಿಯರ ಜೊತೆ ಮನೆ ಮಾಡಿದ್ದಳು. ಹೋದ ಹೊಸತರಲ್ಲಿ ಅವಳ ಬಳಿ ಏನು ಮಾತಾಡಬೇಕೆಂದೇ ದಿವಾಕರನಿಗೆ ತಿಳಿಯುತ್ತಿರಲಿಲ್ಲ. ಓದು ಹೇಗಿದೆ ಎಂದರೆ ‘ಫೈನ್’, ಊಟ ಹೇಗಿದೆ ಎಂದರೆ ‘ಫೈನ್’, ಚಳಿಯೂ ‘ಫೈನ್’. ಹಾಗಿರುವಾಗ ಒಂದು ಭಾನುವಾರ ಆಕಸ್ಮಿಕವಾಗಿ, ತಾನೂ ಗ್ರೇಸ್ಟನ್ ಪಿಯರ್ ನೋಡುತ್ತೇನೆ ಎಂದಳು. ಅಂದು ಅಪ್ಪ ಮಗಳು ಮಾತಾಡಿದ್ದು ಎಷ್ಟು ಹೊತ್ತೆಂದರೆ, ಒಲೆಯ ಮೇಲಿಟ್ಟ ಉಪ್ಪಿಟ್ಟು ಸೀದುಹೋಯಿತು. ಅಂದಿನಿಂದ ವಾರವಿಡೀ ದಿವಾಕರ ಕಾಯುತ್ತಿದ್ದದ್ದು ಆ ಫೋನಿಗಾಗಿ. ಧಾರಾವಾಹಿ ಅದಕ್ಕೊಂದು ನೆಪ. ಇದನ್ನು ಅವನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಜಗಳ ಬಂದದ್ದು ಐರಿನ್ ವಿಷಯಕ್ಕೆ. ಧಾರಾವಾಹಿಯಲ್ಲಿ ಇಬ್ಬರು ಡಾಕ್ಟರುಗಳು ಸೇರಿ ಒಂದು ಕ್ಲಿನಿಕ್ ನಡೆಸುತ್ತಿರುತ್ತಾರೆ. ಅವರಲ್ಲೊಬ್ಬನಿಗೆ ಯಾರೋ ವಿಷ ಹಾಕಿ ಸಾಯಿಸಿರುತ್ತಾರೆ. ವಿಷವಿದ್ದ ಬೀರುವಿನ ಒಂದೇ ಒಂದು ಬೀಗದ ಕೈ ಇರುವುದು ಇನ್ನೊಬ್ಬ ಡಾಕ್ಟರ್ ಹೇವುಡ್‌ನ ಕೋಟಿನ ಜೇಬಿನಲ್ಲಿ. ಹಾಗಾದರೆ ಬೀರು ತೆಗೆದವರು ಯಾರು? ಕಾಂಪೌಂಡರ್ ನಕಲಿ ಕೀ ಮಾಡಿಸಿದ್ದಾನೆ ಎಂಬುದು ದಿವಾಕರನ ವಾದ. ಸತ್ತವನ ಹೆಂಡತಿ ಐರಿನ್ನೇ ಕೊಲೆ ಮಾಡಿದವಳು ಎಂಬುದು ಅಪರ್ಣಳ ವಾದ.

“ಹಂಡ್ರೆಡ್ ಪರ್ಸೆಂಟ್ ಐರಿನ್ನೇ ಅಪ್ಪ.”

“ಎವಿಡೆನ್ಸ್?”

“ಕೀ ಅವಳೇ ತಗೊಂಡ್ಳು. ಆವತ್ತು ಮಳೇಲಿ ಡಾಕ್ಟರ್ ಮನೇಗೆ ಬರ್ತಾಳಲ್ಲ, ಆಗ.”

“ಛತ್ರಿ ಹಿಡ್ಕೊಂಡು ಬಂದ್ಳು, ಹೋದ್ಳು. ಮಧ್ಯ ಕೀ ಎಲ್ಲಿ ಬಂತು?”

“ಇದೆ ಅಪ್ಪ. ಟ್ರಸ್ಟ್ ಮೀ.”

“ನಂಬಿಕೆ ಎಲ್ಲ ದೇವರ ಕೋಣೇಲಿರ್ಲಿ. ಇಲ್ಲಿ ಡೇಟಾ ಬೇಕು. ಯಾವ ಶಾಟ್? ಅವಳ ಕೈ ಎಲ್ಲಿತ್ತು?”

“ಅದೆಲ್ಲ ನಾನು ಹೇಳಕ್ಕಾಗಲ್ಲ.”

“ಹೇಳಕ್ಕಾಗಲ್ಲ ಅಂದ್ರೆ ಇಲ್ಲ ಅಂತ ಅರ್ಥ ಪುಟ್ಟಿ. ನಾನು ಒಂದು ಸೆಕೆಂಡೂ ಬಿಡದೆ ನೋಡಿದೀನಿ. ನೀನು ಹೌಸ್‌ಮೇಟ್ಸ್ ಗಲಾಟೆ ಮಧ್ಯ ಏನೋ ಊಹೆ ಮಾಡ್ಕೊಂಡು...”

“ಅಂದ್ರೆ ಐ ಆಮ್ ಮೇಕಿಂಗ್ ಇಟ್ ಅಪ್ ಅಂತಾನಾ? ಸರಿ, ನೀವು ಹೇಳಿದ್ದೇ ಸರಿ. ಅಮ್ಮಂಗೆ ಕೊಡಿ.”

‘ನೀವು ಹೇಳಿದ್ದೇ ಸರಿ’ ಎಂಬ ಮಾತು ವಾರವಿಡೀ ದಿವಾಕರನ ತಲೆಯಿಂದ ಹೋಗಲಿಲ್ಲ. ಮುಂದಿನ ಭಾನುವಾರ ಫೋನು ಬಂತು. ಅಪರ್ಣ ಅಮ್ಮನ ಜೊತೆ ಮಾತಾಡಿದಳು. ಅಪ್ಪನ ಸರದಿ ಬಂದಾಗ “ಊಟ ಆಯ್ತಾ?” ಎಂದಳು. ಬೆಳಗಿನ ಹತ್ತು ಗಂಟೆಗೆ ಆಗುವ ಊಟ ಯಾವುದು? ಆದರೂ ಅವನು “ಆಯ್ತು” ಎಂದ. ಐರಿನ್‌ಳ ಮಾತೇ ಬರಲಿಲ್ಲ. ಇನ್ನು ಮುಂದೆ ಭಾನುವಾರಗಳೆಲ್ಲ ಹೀಗೇ ಕಳೆಯುತ್ತವೇನೋ ಎಂದು ಅವನಿಗೆ ದಿಗಿಲಾಯಿತು.

ಸೋಮವಾರ ಮಧ್ಯಾಹ್ನ ಅವನು ಊಟದ ಡಬ್ಬಿ ಬಿಚ್ಚಿ, ಎದುರು ಕೂತ ಕರುಣಾಕರನ ಬಳಿ ಗೋಳು ತೋಡಿಕೊಂಡ. ಉಡುಪಿ ಕಡೆಯ ಕರುಣಾಕರ ಅದೇ ಕಟ್ಟಡದಲ್ಲಿ ಕಂಪ್ಯೂಟರ್ ವಿಭಾಗದವನು. ಅವನೂ ಗ್ರೇಸ್ಟನ್ ಪಿಯರ್‌ನ ಭಕ್ತ.

“ನನ್ನ ತಪ್ಪಿಲ್ಲದೆ ಮಗಳು ಸಿಟ್ಟು ಮಾಡ್ಕೊಂಡಿದಾಳೆ ಕಣ್ರೀ. ಆ ದೃಶ್ಯಾನ ನಾನು ಮೂರು ಸಲ ನೋಡಿದೆ. ಅಲ್ಲಿ ಕೀಯೂ ಇಲ್ಲ, ಏನೂ ಇಲ್ಲ. ಇರೋದು ಕೆಟ್ಟ ಎಡಿಟಿಂಗ್ ಮಾತ್ರ. ಐರಿನ್ ಒಳಗೆ ಬರುವಾಗ ತುರುಬು ಕಟ್ಟಿರ್ತಾಳೆ. ಮರುಕ್ಷಣ ಬಾಗಿಲ ಹತ್ರ ನಿಂತಾಗ ಕೂದಲೆಲ್ಲ ಬಿಚ್ಚಿದೆ, ಕೋಟಿನ ಗುಂಡಿ ಒಂದಕ್ಕೊಂದು ತಪ್ಪಾಗಿ ಹಾಕಿದೆ. ಇಷ್ಟು ದೊಡ್ಡ ತಪ್ಪನ್ನ ಯಾರೂ ಗಮನಿಸಿಲ್ವಲ್ಲ!”

ಕರುಣಾಕರ ಅಗಿಯುವುದನ್ನು ನಿಲ್ಲಿಸಿದ. “ಮಾರಾಯ್ರೇ, ತುರುಬು ಕಟ್ಟಿದ್ದಕ್ಕೂ ಗುಂಡಿ ತಪ್ಪಿದ್ದಕ್ಕೂ ಮಧ್ಯ ಎಂತ ಆಯ್ತು ಅಂತ ನೀವು ನೋಡ್ಲಿಲ್ವಾ?”

“ಏನಾಯ್ತು?”

ಕರುಣಾಕರ ಆಚೀಚೆ ನೋಡಿದ. ಅವನ ಭುಜಗಳು ಅಲುಗಾಡತೊಡಗಿದವು. “ನಾನು ಹೇಳುದಿಲ್ಲ. ನಮ್ಮ ಮನೆಯವಳು ಗುಣವತಿ ಮಾಡಿದ ಟೇಪು ಉಂಟು, ನಾಳೆ ತಂದು ಕೊಡ್ತೇನೆ. ಅದ್ರಲ್ಲಿ ಕಾರ್ಪೆಟ್ ಮಾರುವವ ಸಮೇತ ಎಲ್ಲ ಉಂಟು. ಅಲ್ಲ, ನಿಮ್ಮಲ್ಲಿ ರೆಕಾರ್ಡ್ ಮಾಡುದು ಯಾರು?”

“ತಾರಾ.”

“ಹಾಂ” ಎಂದು ಕರುಣಾಕರ ಇನ್ನೊಂದು ತುತ್ತು ಬಾಯಿಗಿಟ್ಟ. “ಹಾಗಾದ್ರೆ ಎಡಿಟರ್ ಸಿಕ್ಕಿದ್ರು.”

ಶನಿವಾರ ತಾರಾ ತರಕಾರಿಗೆ ಹೋದ ಮೇಲೆ ದಿವಾಕರ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡು ಕೂತ. ಮೊದಲು ತಮ್ಮ ಟೇಪು, ಆಮೇಲೆ ಗುಣವತಿಯದು. ಐರಿನ್ ಒದ್ದೆ ಛತ್ರಿ ಹಿಡಿದು ಬಂದಳು. ಹೇವುಡ್ ಬಾಗಿಲು ತೆಗೆದ. ಇಲ್ಲಿಯವರೆಗೆ ಎರಡೂ ಒಂದೇ. ಆಮೇಲೆ ಗುಣವತಿಯ ಟೇಪಿನಲ್ಲಿ ಬಾಗಿಲು ಮುಚ್ಚಿತು, ಛತ್ರಿ ನೆಲಕ್ಕೆ ಬಿತ್ತು, ಐರಿನ್ ಡಾಕ್ಟರನ್ನು ಅಪ್ಪಿ ಹಿಡಿದು ಮುತ್ತಿಟ್ಟಳು. ದಿವಾಕರನಿಗೆ ಗಂಟಲು ಒಣಗಿದ ಹಾಗಾಗಿ, ಏಳೋಣವೆಂದು ಕುರ್ಚಿಯ ತೋಳಿಗೆ ಕೈಯೂರಿದ. ಆದರೆ ಇದು ಪರೀಕ್ಷೆಯ ವಿಷಯ. ಮತ್ತೆ ಕೂತ. ಆಗ ಕಂಡಿತು: ಐರಿನ್‌ಳ ಎಡಗೈ ಡಾಕ್ಟರನ ಬೆನ್ನಿನಿಂದ ಮೆಲ್ಲಗೆ ಜಾರಿ ಕೋಟಿನ ಜೇಬಿಗೆ ಇಳಿಯಿತು. ಬೆರಳ ತುದಿಯಲ್ಲಿ ಏನೋ ಮಿಂಚಿತು. ದಿವಾಕರ ಪಾಸ್ ಗುಂಡಿ ಒತ್ತಿ, ಟಿವಿಗೆ ಮೂಗು ತಾಗುವಷ್ಟು ಬಗ್ಗಿದ.

ಅದೇ ಹೊತ್ತಿಗೆ ಹಿಂದಿನಿಂದ ಧ್ವನಿ ಬಂತು.

“ರೀ! ಇದೇನ್ರೀ ಇದು?”

ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ತಾರಾ ನಿಂತಿದ್ದಳು. ಪರದೆಯ ತುಂಬ ಮುತ್ತು ನಿಶ್ಚಲವಾಗಿ ನಿಂತಿತ್ತು. ಗಂಡ ಅದರ ಮುಂದೆ ಪೆನ್ಸಿಲ್ ಹಿಡಿದು ಮಂಡಿಯೂರಿದ್ದ.

“ಎವಿಡೆನ್ಸ್ ಹುಡುಕ್ತಿದೀನಿ” ಎಂದ ದಿವಾಕರ. ಬೇರೆ ಯಾವ ಮಾತೂ ಬಾಯಿಗೆ ಬರಲಿಲ್ಲ.

ತಾರಾ ಚೀಲಗಳನ್ನು ಕೆಳಗಿಟ್ಟಳು. ಪರದೆ ನೋಡಿದಳು, ಎರಡು ಟೇಪುಗಳನ್ನು ನೋಡಿದಳು. ಅವಳ ಮುಖ ಮೆಲ್ಲಗೆ ಕೆಂಪಾಯಿತು.

“ಅಪರ್ಣ ಚಿಕ್ಕೋಳಿದ್ದಾಗ ಶುರುಮಾಡಿದ್ದು. ಆಮೇಲೆ ನಿಮ್ಮಪ್ಪ ಬಂದು ಆರು ತಿಂಗಳು ಇದ್ರಲ್ಲ, ಅವರ ಮುಂದೆ ಇಂಥದ್ದು ಬಂದ್ರೆ ಹೇಗೆ ಅಂತ... ಈಗ ಕೈ ತಾನಾಗೇ ಗುಂಡಿ ಒತ್ತಿಬಿಡತ್ತೆ.”

“ಅಪ್ಪ ವಾಪಸ್ ಹೋಗಿ ನಾಲ್ಕು ವರ್ಷ ಆಯ್ತು. ಅಪರ್ಣ ಮೆಲ್ಬರ್ನ್‌ನಲ್ಲಿದಾಳೆ. ಈಗ ಯಾರಿಗೋಸ್ಕರ ಕಟ್ ಮಾಡ್ತಿದೀಯ?”

“ನಿಮಗೋಸ್ಕರ!” ತಾರಾ ಸೊಂಟದ ಮೇಲೆ ಕೈಯಿಟ್ಟಳು. “ಅಂಥ ಸೀನ್ ಬಂದಾಗಲೆಲ್ಲ ನೀರು ಕುಡೀಬೇಕು ಅಂತ ಎದ್ದು ಹೋಗ್ತಿದ್ದೋರು ಯಾರು? ಪಾಪ, ಈ ಮನುಷ್ಯ ಒಂದು ಸಂಜೆಗೆ ಎಷ್ಟು ನೀರು ಕುಡೀತಾರೆ ಅಂತ ಅಯ್ಯೋ ಅನ್ಸೋದು.”

ಯಾರೋ ದಾರಿಯಲ್ಲೇ ಸೋಸಿ ಕಳಿಸಿದ ನೀರನ್ನು ಪರೀಕ್ಷೆ ಮಾಡಿ, ನದಿಯಲ್ಲಿ ಕೊಳೆಯೇ ಇಲ್ಲ ಎಂದು ವರದಿ ಬರೆಯುವವರನ್ನು ದಿವಾಕರ ಎಷ್ಟೋ ಸಲ ಬೈದಿದ್ದ. ಸೀಸೆಯಲ್ಲಿದ್ದ ನೀರಿನ ಮಟ್ಟಿಗೆ ಆ ವರದಿ ನಿಜವೇ. ನದಿಯ ಮಟ್ಟಿಗೆ ಸುಳ್ಳು. ಸೀಸೆಗೆ ತುಂಬಿಸಿದವರು ಯಾರು, ಹೇಗೆ ಎಂದು ತನ್ನ ಮನೆಯಲ್ಲಿ ತಾನೇ ಕೇಳಿರಲಿಲ್ಲ.

“ಹಾಗಾದ್ರೆ ಕೀ ತಗೊಂಡಿದ್ದು...”

“ಐರಿನ್ನೇ. ಎಡಗೈಯಲ್ಲಿ. ರೆಕಾರ್ಡ್ ನಿಲ್ಲಿಸ್ತೀನಿ ಅಷ್ಟೇ, ನೋಡೋದು ನಿಲ್ಲಿಸ್ತೀನಾ?”

“ನನಗೂ ಅವಳಿಗೂ ಅಷ್ಟು ಜಗಳ ಆದಾಗ ಹೇಳ್ಬಾರ್ದಿತ್ತಾ?”

“ಏನಂತ ಹೇಳ್ಲಿ? ಯಾವ ಶಾಟ್, ಕೈ ಎಲ್ಲಿತ್ತು ಅಂತ ನನ್ನನ್ನೂ ಕೇಳ್ತಿದ್ರಿ.”

ದಿವಾಕರ ನಗಲಾರಂಭಿಸಿದ. ನಗು ಅರ್ಧಕ್ಕೆ ನಿಂತಿತು. ಅಪರ್ಣ ‘ಅದೆಲ್ಲ ಹೇಳಕ್ಕಾಗಲ್ಲ’ ಎಂದದ್ದು ನೆನಪಾಯಿತು. ಅಪ್ಪನಿಗೆ ಆ ದೃಶ್ಯ ವರ್ಣಿಸಲು ಆ ಹುಡುಗಿಗೆ ನಾಲಿಗೆ ಹೇಗೆ ತಾನೇ ಏಳಬೇಕು? ಅದನ್ನು ತಾನು ಸುಳ್ಳು ಎಂದುಬಿಟ್ಟಿದ್ದ.

ಅವನು ಭಾನುವಾರಕ್ಕೆ ಕಾಯದೆ ಫೋನು ಎತ್ತಿದ.

“ಅಪ್ಪ? ವಾಟ್ ಹ್ಯಾಪನ್ಡ್? ಅಮ್ಮ ಓಕೆನಾ?” ಅಪರ್ಣಳ ಧ್ವನಿಯಲ್ಲಿ ಗಾಬರಿ. ಅಪ್ಪ ತಾನಾಗಿ ಫೋನು ಮಾಡಿದ್ದೇ ಇರಲಿಲ್ಲ.

“ಎಲ್ಲ ಆರಾಮ. ಒಂದು ತಿದ್ದುಪಡಿ ಇತ್ತು. ಐರಿನ್ನೇ. ನೀನು ಹೇಳಿದ್ದೇ ಸರಿ, ನಂದೇ ತಪ್ಪು.”

“ಹೇಗೆ... ಎವಿಡೆನ್ಸ್ ಸಿಕ್ತಾ?”

“ಸಿಕ್ತು. ಎಡಗೈ, ಕೋಟಿನ ಬಲಜೇಬು. ಉಳಿದದ್ದನ್ನ ನಾನೂ ವರ್ಣಿಸಲ್ಲ.”

ಕ್ಲೇಟನ್‌ನಿಂದ ಕಿರುಚಿದಂಥ ನಗು ಬಂತು. “ಓ ಮೈ ಗಾಡ್, ಅಪ್ಪ! ನೀವು ಅದನ್ನ ನೋಡಿದ್ರಾ? ಅಮ್ಮ ಕಟ್ ಮಾಡಿರ್ತಾಳೆ ಅಂತ ಗೊತ್ತಿತ್ತು. ಹೇಳಿದ್ರೆ ಅಮ್ಮ ಸಿಕ್ಕಿಬೀಳ್ತಾಳೆ ಅಂತ ಸುಮ್ನಿದ್ದೆ.”

“ನಿನಗೆ ಗೊತ್ತಿತ್ತಾ? ಯಾವಾಗಿಂದ?”

“ಹತ್ತು ವರ್ಷದೋಳಿದ್ದಾಗಿಂದ. ನಮ್ಮನೇಲಿ ನೋಡಿದ ಸಿನಿಮಾನೇ ಫ್ರೆಂಡ್ ಮನೇಲಿ ನೋಡಿದೆ. ಅಲ್ಲಿ ಕಾಲು ಗಂಟೆ ಜಾಸ್ತಿ ಇತ್ತು! ಮತ್ತೆ ಇಂಟರ್‌ನೆಟ್ಟಲ್ಲಿ ಎಡಿಟಿಂಗ್ ಬಗ್ಗೆ ಉದ್ದಕ್ಕೆ ಬರ್ದಿದ್ದು ನೀವೇ ಅಲ್ವಾ? ಓದಿ ಎಷ್ಟು ನಕ್ಕಿದೀನಿ ಗೊತ್ತಾ?”

ತಾರಾ ಅವನ ಕೈಯಿಂದ ಫೋನು ಕಿತ್ತುಕೊಂಡಳು. “ಪುಟ್ಟೀ, ಹೇವುಡ್‌ಗೆ ಕೀ ಹೋಗಿದ್ದು ಗೊತ್ತಿದೆ ಅಂತ ನನಗನ್ಸತ್ತೆ. ಆವತ್ತು ಅವನ ಕಣ್ಣು ನೋಡ್ದ್ಯಾ?” ಎಂದು ಶುರುಮಾಡಿದಳು. ಇಷ್ಟು ದಿನ ಇಬ್ಬರ ವಾದ ಕೇಳಿಯೂ ತುಟಿ ಬಿಚ್ಚದವಳ ಬಳಿ ಇಷ್ಟೊಂದು ಅಭಿಪ್ರಾಯಗಳಿದ್ದವೇ? ದಿವಾಕರ ಪಕ್ಕದಲ್ಲಿ ನಿಂತು, ತನ್ನ ಸರದಿಗೆ ಕಾಯುತ್ತ, ಬೀನ್ಸಿನ ನಾರು ತೆಗೆಯತೊಡಗಿದ.

ಬುಧವಾರ ಕಡೆಯ ಕಂತು. ದಿವಾಕರ ವರದಿಯನ್ನು ಮಾರನೆಯ ದಿನಕ್ಕೆ ಬಿಟ್ಟು ಬೇಗ ಮನೆಗೆ ಬಂದ. ಇಬ್ಬರೂ ಅಕ್ಕಪಕ್ಕ ಕೂತರು. ಅರ್ಧ ಕಂತು ಕಳೆದಾಗ ಐರಿನ್ ಮತ್ತೆ ಡಾಕ್ಟರನ ಕುತ್ತಿಗೆಗೆ ಕೈ ಹಾಕಿದಳು. ತಾರಾಳ ಕೈ ರಿಮೋಟಿನ ಕಡೆಗೆ ಹೋಯಿತು, ಅಲ್ಲೇ ನಿಂತಿತು. ದಿವಾಕರ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಜಾಹೀರಾತು ಬಂತು. ಕಾರ್ಪೆಟ್ ಮಾರುವವನನ್ನು ಕಂಡು ದಿವಾಕರನಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಫೋನು ಬಡಿದುಕೊಂಡಿತು.

“ಅಪ್ಪ, ನೀರು ಕುಡಿಯೋಕೆ ಹೋದ್ರಾ?” ಅಪರ್ಣ ಕೇಳಿದಳು. ಅವಳ ಹಿಂದೆ ಮೂವರು ಹುಡುಗಿಯರು ನಗುತ್ತಿರುವುದು ಕೇಳಿಸಿತು.

“ಇಲ್ವಲ್ಲ. ಕೂತ ಜಾಗದಿಂದ ಅಲ್ಲಾಡಿಲ್ಲ” ಎಂದ ದಿವಾಕರ ಜಂಬದಿಂದ. ಪಕ್ಕಕ್ಕೆ ತಿರುಗಿದರೆ ತಾರಾಳ ಕುರ್ಚಿ ಖಾಲಿಯಿತ್ತು. ಅಡುಗೆಮನೆಯಲ್ಲಿ ನಲ್ಲಿ ಸುರಿಯುವ ಸದ್ದು. “ಈ ಸಲ ನಿಮ್ಮಮ್ಮ ಹೋಗಿದಾಳೆ.”

“ನನಗಲ್ಲ, ನಿಮಗೇ ತರ್ತಿದೀನಿ” ಎಂದು ಒಳಗಿನಿಂದ ತಾರಾ ಕೂಗಿದಳು. ಬಂದಾಗ ಅವಳ ಕೈಯಲ್ಲಿ ಎರಡು ಲೋಟಗಳಿದ್ದವು.

“ಅಪ್ಪ, ಶುರುವಾಯ್ತು, ಫೋನ್ ಇಡ್ಬೇಡಿ” ಎಂದಳು ಅಪರ್ಣ.

ದಿವಾಕರ ಇಡಲಿಲ್ಲ.