ಹರಿದ ಸೀಲು

ಎರಡು ಸಾವಿರದ ಮೂರನೆಯ ಇಸವಿಯ ಮೇ ತಿಂಗಳಲ್ಲಿ, ವಡೋದರದ ಆಲ್ಕಾಪುರಿಯಲ್ಲಿದ್ದ ಕೀರ್ತಿಭಾಯಿಯ ಕಂಪ್ಯೂಟರ್ ಅಂಗಡಿಗೆ ಸೂರತ್‌ನಿಂದ ಒಂದು ಫೋನ್ ಬಂತು. ರಿಪೇರಿಯ ಹನುಮಂತ ಎತ್ತಿಕೊಂಡ. ಆ ಕಡೆಯ ಹೆಂಗಸು ಅರ್ಧ ಗುಜರಾತಿ, ಅರ್ಧ ಹಿಂದಿಯಲ್ಲಿ ತೊಂದರೆ ಹೇಳಲು ಒದ್ದಾಡುತ್ತಿದ್ದಳು. ನಡುವೆ ಫೋನನ್ನು ಸ್ವಲ್ಪ ದೂರ ಹಿಡಿದು, "ಅಯ್ಯ ಶಿವನ, ಇವಂಗ ಹೆಂಗ ತಿಳಿಸಿ ಹೇಳ್ಲಿ?" ಎಂದದ್ದು ಅವನಿಗೆ ಕೇಳಿಸಿತು.

"ಕನ್ನಡದಾಗ ಹೇಳ್ರಿ ಅಕ್ಕಾರ, ತಿಳೀತೈತಿ," ಎಂದ.

ಆಕೆ ನಕ್ಕಳು. ಹೆಸರು ನೀಲಾ, ಗದಗಿನ ಕಡೆಯವಳು. ಗಂಡ ಪಾಂಡುರಂಗ ಸೂರತ್ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿದ್ದ. ತಾನು ಸಚಿನ್ ಕೈಗಾರಿಕಾ ವಸಾಹತಿನ ಸೀರೆ ಪ್ರಿಂಟಿಂಗ್ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಡಿಸೈನ್ ಮಾಡುತ್ತೇನೆ ಎಂದಳು. ನಾಲ್ಕು ತಿಂಗಳ ಹಿಂದೆ ಇದೇ ಅಂಗಡಿಯಿಂದ ಕೊಂಡ ಹೊಸ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ತಾನಾಗಿ ಆರಿಹೋಗುತ್ತಿತ್ತು.

"ಬಿಸಿ ಆಗಾಕತ್ತೈತಿ ಅನಸ್ತೈತ್ರಿ. ನಾ ಗುರುವಾರ ಬರ್ತೀನಿ. ಅಲ್ಲೀಮಟ ಡಬ್ಬಿ ಬಾಜೂದ ಮುಚ್ಚಳಾ ತಗದು, ಎದುರಿಗೆ ಒಂದು ಟೇಬಲ್ ಫ್ಯಾನ್ ಇಡ್ರಿ."

"ಮುಚ್ಚಳದ ಮ್ಯಾಲೆ ನಿಮ್ಮ ಅಂಗಡಿ ಸೀಲ್ ಅಂಟಿಸ್ಯಾರಲ್ರೀ. ಹರದ್ರ ವಾರಂಟಿ ಇಲ್ಲ ಅಂತ ಬರದೈತಿ."

"ಹರೀರಿ ಅಕ್ಕಾರ. ನಾ ಹೇಳಾಕತ್ತೀನಲ್ಲ."

ಹನುಮಂತನ ತಂದೆ ಬಾಗಲಕೋಟೆ ಬಿಟ್ಟು ರೈಲ್ವೆ ನೌಕರಿಗೆಂದು ವಡೋದರಕ್ಕೆ ಬಂದಾಗ ಅವನಿಗೆ ಆರು ವರ್ಷ. ಈಗ ಮೂವತ್ತಾರು. ಮಂಜಲ್‌ಪುರದಲ್ಲಿ ಮನೆ, ಹೆಂಡತಿ, ಎರಡು ಮಕ್ಕಳು. ಮಕ್ಕಳು ಅಜ್ಜಿಯ ಕನ್ನಡಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದವು. ಹನ್ನೊಂದು ವರ್ಷ ಕೀರ್ತಿಭಾಯಿಯ ಕೈಕೆಳಗೆ ದುಡಿದಿದ್ದ. ಸೂರತ್‌ನಲ್ಲಿ ಒಂದು ಶಾಖೆ ತೆರೆಯುತ್ತೇನೆ, ಅದರ ಪೂರ್ತಿ ಉಸ್ತುವಾರಿ ನಿನ್ನದೇ ಎಂದು ಕೀರ್ತಿಭಾಯಿ ಆ ಯುಗಾದಿಯಿಂದ ಹೇಳುತ್ತ ಬಂದಿದ್ದ. ಹನುಮಂತ ಮನಸ್ಸಿನಲ್ಲೇ ಅಲ್ಲಿ ತನ್ನ ಕುರ್ಚಿ ಎಲ್ಲಿರಬೇಕೆಂದು ಕೂಡ ಗೊತ್ತುಮಾಡಿಕೊಂಡಿದ್ದ.

ಗುರುವಾರ ಬೆಳಗಿನ ರೈಲಿಗೆ ಸೂರತ್‌ಗೆ ಹೋಗಿ, ಅಲ್ಲಿಂದ ಶೇರ್ ಆಟೋದಲ್ಲಿ ಸಚಿನ್ ತಲುಪುವಷ್ಟರಲ್ಲಿ ಹತ್ತೂವರೆ. ಡಿಸೈನ್ ಕೋಣೆ ಪ್ರಿಂಟಿಂಗ್ ಹಾಲ್‌ನ ಮೇಲಿನ ಅಟ್ಟದಲ್ಲಿತ್ತು. ಕೆಳಗಿನ ಹಬೆ, ಬಣ್ಣದ ಘಾಟು ಎಲ್ಲ ಮೆಟ್ಟಿಲು ಹತ್ತಿ ಅಲ್ಲಿಗೇ ಬರುತ್ತಿತ್ತು. ಎ.ಸಿ. ಇದ್ದ ಜಾಗದಲ್ಲಿ ಗೋಡೆಗೆ ಚೌಕನೆಯ ತೂತು ಉಳಿದಿತ್ತು. ಆ ಎ.ಸಿ.ಯನ್ನು ಮಾಲೀಕ ಧನಸುಖಭಾಯಿಯ ಕ್ಯಾಬಿನ್ನಿಗೆ ಸಾಗಿಸಿದ್ದರು.

ನೀಲಾ ನಲವತ್ತೈದರ ಆಸುಪಾಸಿನ ಹೆಂಗಸು. ಕನ್ನಡಕ, ಗಂಜಿ ಹಾಕಿದ ಇಳಕಲ್ ಸೀರೆ. ಹನುಮಂತ ಚೀಲ ಇಳಿಸುವ ಮೊದಲೇ ಒಂದು ನೋಟ್‌ಬುಕ್ ಮುಂದಿಟ್ಟಳು. ಯಂತ್ರ ಯಾವ ದಿನ ಎಷ್ಟು ಹೊತ್ತಿಗೆ ಆರಿತು, ಆಗ ಯಾವ ಡಿಸೈನ್ ತೆರೆದಿತ್ತು, ಎಷ್ಟು ಹೊತ್ತು ಬಿಟ್ಟರೆ ಮತ್ತೆ ಹೊತ್ತಿಕೊಂಡಿತು, ಎಲ್ಲ ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು.

"ಮುಂಜಾನೆ ಥಂಡಿ ಇದ್ದಾಗ ಅರ್ಧ ತಾಸು ನಡೀತೈತಿ. ಮಧ್ಯಾಹ್ನ ಹತ್ತು ನಿಮಿಷನೂ ಇಲ್ರಿ. ದೊಡ್ಡ ಸೆರಗಿನ ಡಿಸೈನ್ ತಗದ್ನೆಂದ್ರ ಆತು, ಹೋತು."

ಹನ್ನೊಂದು ವರ್ಷದಲ್ಲಿ ಇಷ್ಟು ಚೆನ್ನಾಗಿ ತೊಂದರೆ ವಿವರಿಸಿದ ಗಿರಾಕಿಯನ್ನು ಅವನು ನೋಡಿರಲಿಲ್ಲ.

ತೆರೆದ ಡಬ್ಬಿಯೊಳಗೆ ಟಾರ್ಚ್ ಬಿಟ್ಟ. ಪ್ರೊಸೆಸರ್ ಮೇಲೆ ಕೂರಿಸಿದ, ಶಾಖ ಹೀರುವ ಅಲ್ಯೂಮಿನಿಯಂ ಗಟ್ಟಿಯ ಸಂದುಗಳಲ್ಲಿ ಬಟ್ಟೆಯ ನೂಲಿನ ಧೂಳು ಹೊದಿಕೆಯಂತೆ ಕೂತಿತ್ತು. ಬ್ರಶ್‌ನಿಂದ ಕೆರೆದು, ಬ್ಲೋವರ್ ಹಿಡಿದು ಹಾರಿಸಿದ. ಗುಲಾಬಿ, ಹಳದಿ, ನೀಲಿ ನೂಲಿನ ಎಳೆಗಳು ಕೋಣೆ ತುಂಬ ತೇಲಿದವು. ಫ್ಯಾನ್ ತಿರುಗಿಸಿ ನೋಡಿದ, ಸರಿಯಾಗಿತ್ತು. ಯಂತ್ರ ಹೊತ್ತಿಸಿ, ಉಷ್ಣತೆ ತೋರಿಸುವ ಸೆಟಪ್ ಪರದೆ ತೆರೆದ. ಐವತ್ತೆಂಟು. ಅರವತ್ತಾರು. ಇನ್ನೊಂದಿಷ್ಟು ಹೊತ್ತಿಗೆ ಎಪ್ಪತ್ತೊಂಬತ್ತು. ಎಂಬತ್ತೈದು ದಾಟಿದ್ದೇ ಪರದೆ ಕಪ್ಪಾಯಿತು.

"ಕಸದ್ದಲ್ಲ ಇದು," ಎಂದಳು ನೀಲಾ. ಪ್ರಶ್ನೆಯಾಗಿ ಅಲ್ಲ.

ಕ್ಲಿಪ್ ಬಿಚ್ಚಿ ಗಟ್ಟಿಯನ್ನು ಮೇಲೆತ್ತಿದ. ಶಾಖ ದಾಟಿಸಲು ಅಡಿಯಲ್ಲಿ ಹಚ್ಚಿದ್ದ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಅದೇ ಕಾರಣವೆಂದು ಸಮಾಧಾನವಾಯಿತು. ಹತ್ತಿಗೆ ಸ್ಪಿರಿಟ್ ಹಾಕಿ ಪ್ರೊಸೆಸರ್ ಬೆನ್ನು ಒರೆಸಿದ. ಒರೆಸುತ್ತಿದ್ದಂತೆ ಅದರ ಮೇಲೆ ಕೊರೆದ ಅಕ್ಷರ ಕಾಣಿಸಿದವು. ಬೆರಳು ನಿಂತವು.

ಅಲ್ಲಿದ್ದದ್ದು 1200. ಬಿಲ್ಲಿನಲ್ಲಿ, ಪರದೆಯ ಮೇಲೆ, ಎಲ್ಲ ಕಡೆ 1600 ಎಂದಿತ್ತು. ಟಾರ್ಚ್ ಹತ್ತಿರ ಹಿಡಿದು, ವೇಗ ಗೊತ್ತುಮಾಡುವ ಮದರ್‌ಬೋರ್ಡಿನ ಜಂಪರ್ ನೋಡಿದ. ಇರಬೇಕಾದ ಜಾಗದಿಂದ ಒಂದು ಮನೆ ಮುಂದೆ ಚುಚ್ಚಿದ್ದರು. ಕಡಿಮೆ ವೇಗದ ಅಗ್ಗದ ಚಿಪ್ಪನ್ನು ಜಬರದಸ್ತಿಯಿಂದ ಓಡಿಸಿ ಹೆಚ್ಚಿನ ವೇಗದ್ದೆಂದು ಮಾರಿದ್ದರು. ಚಳಿಗಾಲದಲ್ಲಿ ಹೇಗೋ ತಡೆದುಕೊಂಡಿತ್ತು. ಸೂರತ್‌ನ ಮೇ ತಿಂಗಳಲ್ಲಿ, ಎ.ಸಿ. ಕಿತ್ತ ಅಟ್ಟದಲ್ಲಿ ಅದು ಬೇಯದೆ ಇನ್ನೇನಾದೀತು.

ಈ ಲಾಟಿನ ಹನ್ನೆರಡು ಯಂತ್ರಗಳನ್ನು ಕೀರ್ತಿಭಾಯಿ ಒಂದು ಭಾನುವಾರ ತಾನೂ ತನ್ನ ಭಾವಮೈದುನನೂ ಕೂತು ಜೋಡಿಸಿದ್ದು ಹನುಮಂತನಿಗೆ ನೆನಪಾಯಿತು. ನಿನಗೆ ರಜೆ, ಮಕ್ಕಳನ್ನು ಕಮಾಟಿಬಾಗ್ ಉದ್ಯಾನಕ್ಕೆ ಕರೆದುಕೊಂಡು ಹೋಗು ಎಂದಿದ್ದ.

ನೀಲಾ ಅವನ ಭುಜದ ಮೇಲಿಂದ ಬಾಗಿ ನೋಡುತ್ತಿದ್ದಳು. "ಇದರ ಮ್ಯಾಲೆ ಸಾವಿರದ ಎರಡನೂರು ಅಂತೈತಿ. ಪರದೆ ಮ್ಯಾಲೆ ಸಾವಿರದ ಆರನೂರು ಬರ್ತೈತಲ್ರೀ?"

"ಅದು ಮಾಡೆಲ್ ನಂಬರ್ ರೀ," ಎಂದ ಹನುಮಂತ. "ಸ್ಪೀಡ್ ಅಲ್ಲ."

"ಹೌದೇನ್ರಿ," ಎಂದು ಆಕೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಊಟದ ಹೊತ್ತಿಗೆ ನೀಲಾ ತನ್ನ ಬುತ್ತಿ ಬಿಚ್ಚಿ ಅರ್ಧ ಅವನ ಮುಂದೆ ತಳ್ಳಿದಳು. ಚಪಾತಿ, ಶೇಂಗಾ ಚಟ್ನಿ, ಮೊಸರು. ತಿನ್ನುತ್ತ ತನ್ನ ಕತೆ ಹೇಳಿದಳು. ಮೊದಲು ಇಲ್ಲೇ ಬ್ರಶ್ ಹಿಡಿದು ಫಿಲ್ಮಿನ ಮೇಲೆ ಹೂವು ಬಿಡಿಸುತ್ತಿದ್ದಳು. ಏಳು ಜನರಿದ್ದರು. ಕಂಪ್ಯೂಟರ್ ಬಂದಾಗ ಆರು ಜನರನ್ನು ಮನೆಗೆ ಕಳಿಸಿದರು. ತಾನೊಬ್ಬಳೇ ಮಗಳ ಕಾಲೇಜ್ ಪುಸ್ತಕ ಇಟ್ಟುಕೊಂಡು ಎರಡು ತಿಂಗಳಲ್ಲಿ ಕಲಿತು ಉಳಿದಳು. ಈಗ ಧನಸುಖಭಾಯಿಯ ಅಣ್ಣನ ಮಗ ಜಿಗ್ನೇಶ್‌ಗೆ ಈ ಕುರ್ಚಿ ಬೇಕಾಗಿತ್ತು. ನವರಾತ್ರಿಯ ಚಣಿಯಾ-ಚೋಳಿ ಲಂಗ-ರವಿಕೆಗಳ ಆರ್ಡರ್ ಹಿಂದೆ ಬಿದ್ದಿದೆ, ಹೆಂಗಸಿನ ಕೈಗೆ ಯಂತ್ರ ಕೊಟ್ಟು ಕೆಡಿಸಿದಿರಿ ಎಂದು ದಿನಾ ಚಿಕ್ಕಪ್ಪನ ಕಿವಿ ಊದುತ್ತಿದ್ದ.

"ನೀವು ಬಂದ್ರಿ, ನನಗ ಆನಿಬಲ ಬಂತು ನೋಡ್ರಿ. ಯಂತ್ರದ್ದ ತಪ್ಪು ಅಂತ ಒಂದು ಕಾಗದದಾಗ ಬರದು ಕೊಟ್ರ ಸಾಕು. ಹುಡುಗನ ಬಾಯಿ ಮುಚ್ಚತೈತಿ."

ಹನುಮಂತ ಚಪಾತಿ ಅರ್ಧಕ್ಕೇ ಬಿಟ್ಟ. ಕೈ ತೊಳೆದು, ಗೇಟಿನ ಎದುರಿನ ಎಸ್.ಟಿ.ಡಿ. ಬೂತಿಗೆ ಹೋಗಿ ಅಂಗಡಿಗೆ ಫೋನ್ ಮಾಡಿದ.

ಕೀರ್ತಿಭಾಯಿ ಅಲ್ಲಗಳೆಯಲೂ ಇಲ್ಲ. "ನೋಡಿದೆಯಾ? ನೋಡಿದ್ದನ್ನು ಅಲ್ಲೇ ಬಿಡು," ಎಂದ.

"ಜಂಪರ್ ಹಿಂದಕ್ಕೆ ಹಾಕಿಬಿಡಲಾ? ಬಿಸಿ ನಿಲ್ಲುತ್ತದೆ."

"ಪರದೆಯ ಮೇಲೆ 1200 ಕಂಡರೆ? ಒಬ್ಬ ಕೇಳಿದರೆ ಹನ್ನೆರಡೂ ಜನ ಕೇಳುತ್ತಾರೆ. ಸೀಲ್ ಹೇಗಿದೆ?"

ಹನುಮಂತ ಬೂತಿನ ಮೀಟರ್ ಕಡೆ ನೋಡಿದ.

"ಸೀಲ್ ಹೇಗಿದೆ ಅಂದೆ."

"ಹರಿದಿದೆ."

"ಯಾರು ಹರಿದರು?"

ಬೂತಿನ ಗಾಜಿನ ಆಚೆ ಬಟ್ಟೆಯ ಥಾನು ಹೇರಿದ ಟೆಂಪೋಗಳು ಸಾಲಾಗಿ ನಿಂತಿದ್ದವು. "ಆಪರೇಟರ್," ಎಂದ.

"ಹಾಗಾದರೆ ಅಷ್ಟನ್ನೇ ಬರೆ. ಸುಳ್ಳೇನಿದೆ ಅದರಲ್ಲಿ? ಹಾಂ, ನಿನ್ನ ಸೂರತ್ ಶಾಖೆಗೆ ರಿಂಗ್ ರೋಡಿನಲ್ಲಿ ಜಾಗ ಗೊತ್ತಾಗಿದೆ. ಬಂದಮೇಲೆ ಮಾತಾಡೋಣ."

ಹನುಮಂತ ವಾಪಸ್ ಬಂದು ಹೊಸ ಪೇಸ್ಟ್ ಹಚ್ಚಿ, ಗಟ್ಟಿ ಕೂರಿಸಿ, ರಿಪೋರ್ಟ್ ಬರೆದ. ಸೀಲ್ ಒಡೆಯಲಾಗಿದೆ. ಆಪರೇಟರ್ ಅನುಮತಿಯಿಲ್ಲದೆ ಡಬ್ಬಿ ತೆರೆದು ಓಡಿಸಿದ್ದರಿಂದ ಧೂಳು ಸೇರಿ ಪ್ರೊಸೆಸರ್‌ಗೆ ಹಾನಿಯಾಗಿದೆ. ವಾರಂಟಿ ಅನ್ವಯಿಸುವುದಿಲ್ಲ. ಬರೆಯಲು ಐದು ನಿಮಿಷವೂ ಹಿಡಿಯಲಿಲ್ಲ.

ಧನಸುಖಭಾಯಿಯ ಕ್ಯಾಬಿನ್ ತಂಪಾಗಿತ್ತು. ಪಕ್ಕದಲ್ಲಿ ನಿಂತ ಜಿಗ್ನೇಶ್ ರಿಪೋರ್ಟನ್ನು ಜೋರಾಗಿ ಓದಿದ. ನೀಲಾ ಮೊದಲು ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಕತ್ತು ಮುಂದೆ ಮಾಡಿ ನಿಂತಿದ್ದಳು. ಆಮೇಲೆ ಹನುಮಂತನ ಕಡೆ ತಿರುಗಿದಳು.

"ನೀವ ಹೇಳಿದ್ರಲ್ರೀ, ಹರೀರಿ ಅಂತ? ಫೋನಿನ್ಯಾಗ? ನಾ ಸೀಲ್ ಐತಿ ಅಂದೆ, ನೀವು ಹರೀರಿ ಅಂದ್ರಿ."

"ಏನನ್ನುತ್ತಾಳೆ?" ಧನಸುಖಭಾಯಿ ಗುಜರಾತಿಯಲ್ಲಿ ಕೇಳಿದ.

ಹನುಮಂತನ ಬಾಯಿಂದ ಮಾತು ಬಂದುಬಿಟ್ಟಿತು: "ತಪ್ಪಾಯಿತು, ಕ್ಷಮಿಸಿ ಅನ್ನುತ್ತಿದ್ದಾರೆ."

ನೀಲಾಗೆ ಗುಜರಾತಿ ಆಡಲು ತೊಡಕು, ತಿಳಿಯಲು ತೊಡಕಿರಲಿಲ್ಲ. ಇಪ್ಪತ್ತು ವರ್ಷ ಆ ಊರಿನಲ್ಲಿದ್ದವಳು. ಸೆರಗು ಬಿಗಿ ಹಿಡಿದು, ಒಂದೊಂದೇ ಶಬ್ದ ಆರಿಸಿ ಹಿಂದಿಯಲ್ಲಿ ಹೇಳಿದಳು. "ನಾನು ಹಾಗೆ ಹೇಳಲಿಲ್ಲ. ಡಬ್ಬಿ ತೆರೆಯಿರಿ ಎಂದು ಫೋನಿನಲ್ಲಿ ಹೇಳಿದವರು ಇವರೇ."

ಧನಸುಖಭಾಯಿ ಹನುಮಂತನನ್ನು ನೋಡಿದ. ಮುದುಕನ ನೋಟದಲ್ಲಿ ಸಿಟ್ಟಿರಲಿಲ್ಲ, ಕೇಳುವ ಮನಸ್ಸಿತ್ತು. ಆಗಲೂ ಹೊತ್ತು ಮೀರಿರಲಿಲ್ಲ.

"ನಾನು ಬರುವವರೆಗೆ ಯಂತ್ರ ಬಂದ್ ಇಡಿ ಎಂದಿದ್ದೆ, ಅಷ್ಟೇ," ಎಂದ ಹನುಮಂತ. "ಅವರಿಗೆ ಭಾಷೆ ತಪ್ಪು ತಿಳಿದಿರಬೇಕು."

"ಕಾಗದ ಇದೆಯಲ್ಲ ಕಾಕಾ, ಇನ್ನೇನು ಬೇಕು?" ಎಂದ ಜಿಗ್ನೇಶ್.

ಮರುದಿನದಿಂದ ಕೆಳಗೆ ಸೀರೆ ಮಡಿಸುವ ಕಡೆ ಹೋಗು ಎಂದು ನೀಲಾಗೆ ಹೇಳಿದರು. ಆಕೆ ಮೇಲೆ ಹೋಗಿ ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ ತೆಗೆದುಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ.

ಮೂರು ವಾರದ ನಂತರ, ಜಿಗ್ನೇಶ್ ಕೂತಿದ್ದಾಗಲೇ ಆ ಯಂತ್ರ ಸುಟ್ಟ ವಾಸನೆ ಬಿಟ್ಟು ಪೂರ್ತಿ ಸತ್ತಿತು. ಧನಸುಖಭಾಯಿ ಬೇರೆ ಅಂಗಡಿಯಿಂದ ಹೊಸದು ತರಿಸಿಕೊಂಡ. ಹಳೆಯದರ ಕಾರಣ ಯಾರೂ ಕೇಳಲಿಲ್ಲ. ಕಾರಣ ಆಗಲೇ ಕಾಗದದಲ್ಲಿತ್ತು.

ಹನುಮಂತನಿಗೆ ಅನ್ನ ರುಚಿಸದಂತಾಯಿತು. ಹೆಂಡತಿ ಸೌಮ್ಯಾ ಕೇಳಿದರೆ ಬಿಸಿಲು ಎನ್ನುತ್ತಿದ್ದ. ಜೂನ್ ಕೊನೆಯ ಶನಿವಾರ ರಜೆ ಹಾಕಿ ಸೂರತ್‌ಗೆ ಹೋದ. ಗೂಡ್ಸ್ ಆಫೀಸಿನಲ್ಲಿ ವಿಚಾರಿಸಿ ರೈಲ್ವೆ ಕ್ವಾರ್ಟರ್ಸ್ ಹುಡುಕಿದ. ಬಾಗಿಲು ತೆರೆದದ್ದು ಪಾಂಡುರಂಗ. ಹೆಸರು ಕೇಳಿದ ಮೇಲೂ ಒಳಗೆ ಕರೆದು ಕುರ್ಚಿ ತೋರಿಸಿದ.

ನೀಲಾ ಅಡುಗೆಮನೆಯ ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು. ಚಿಪ್ಪು, ಜಂಪರ್, ಬೂತಿನ ಫೋನ್, ಏನನ್ನೂ ಅವನು ಮುಚ್ಚಿಡಲಿಲ್ಲ. ಕೊನೆಗೆ ಅವನ ಕಣ್ಣಲ್ಲಿ ನೀರು ಬಂತು.

"ಅಂದ್ರ ಅದು ಮಾಡೆಲ್ ನಂಬರ್ ಅಲ್ಲ," ಎಂದಳು.

"ಅಲ್ರೀ."

"ನಂಗ ಅವತ್ತ ಅನಸಿತ್ತು. ಆದ್ರೂ ನಮ್ಮವ ಹೇಳಾಕತ್ತಾನಲ್ಲ ಅಂತ ಸುಮ್ಮನಾದೆ." ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಸಚಿನ್‌ದಾಗ ಐದು ಕಾರ್ಖಾನಿಗೆ ಹೋಗಿ ಬಂದೀನ್ರಿ. ಮಶೀನ್ ಕೆಡಿಸಿದಾಕಿ ಅಂತ ನನಗಿಂತ ಮೊದಲ ಸುದ್ದಿ ಹೋಗಿರ್ತೈತಿ. ನನ್ನ ಮುಂದ ಅತ್ರ ಏನು ಬಂತು? ಇದನ್ನ ಶೇಠನ ಮುಂದ ಹೇಳ್ರಿ."

"ಹೇಳ್ತೀನ್ರಿ ಅಕ್ಕಾರ."

"ಯಾವಾಗ?"

"ಸೋಮವಾರ. ಹನ್ನೊಂದಕ್ಕ. ಗೇಟಿನ ಹತ್ತಿರ ಬರ್ರಿ, ಕೂಡೇ ಒಳಗ ಹೋಗೋಣು."

ಮಾತು ಕೊಡುವಾಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ರೈಲಿನಲ್ಲಿ ಕಿಟಕಿ ಪಕ್ಕ ಕೂತಾಗ ಎದೆಯ ಭಾರ ಇಳಿದಿತ್ತು. ಭರೂಚ್ ದಾಟುವಾಗ ಚಹಾ ಕೊಂಡು ಕುಡಿದ. ಆದರೆ ವಡೋದರದಲ್ಲಿ ಇಳಿದಾಗ ಅದೇ ಹಗುರ ಅವನನ್ನು ಬೇರೆ ದಾರಿಗೆ ಎಳೆಯಿತು. ಆಕೆಗೆ ಹೇಳಿಯಾಯಿತು, ಅತ್ತೂ ಆಯಿತು. ಇನ್ನು ಶೇಠನಿಗೆ ಹೇಳಿದರೆ ಕೀರ್ತಿಭಾಯಿಯ ಅಂಗಡಿ ಮುಳುಗುತ್ತದೆ, ತನ್ನ ಕುರ್ಚಿಯೂ ಹೋಗುತ್ತದೆ. ಭಾನುವಾರ ಸಂಜೆ ಅವನೇ ಕೀರ್ತಿಭಾಯಿಯ ಮನೆಗೆ ಹೋಗಿ, ಅಹಮದಾಬಾದಿನಿಂದ ಬರಬೇಕಾದ ಮಾನಿಟರ್‌ಗಳನ್ನು ನಾಳೆ ನಾನೇ ಹೋಗಿ ತರುತ್ತೇನೆ ಎಂದ. ಸೋಮವಾರ ಹನ್ನೊಂದಕ್ಕೆ ಅವನು ಅಹಮದಾಬಾದಿನ ರಿಲೀಫ್ ರೋಡಿನ ಗೋದಾಮಿನಲ್ಲಿ ನಿಂತು ಪೆಟ್ಟಿಗೆ ಏರಿಸುತ್ತಿದ್ದ.

ಮಂಗಳವಾರ ಅಂಗಡಿಗೆ ಫೋನ್ ಬಂತು. ಪಾಂಡುರಂಗ.

"ನಮ್ಮಾಕಿ ನಿನ್ನೆ ಮೂರರ ತನಕಾ ಗೇಟಿನ ಹತ್ರ ನಿಂತಿದ್ಲು. ಮಳಿ ಬೇರೆ ಹಿಡಿದಿತ್ತು. ನಿಮಗೇನರ ಆತೇನೋ, ಅಪಘಾತ ಏನರ, ಅಂತ ಕೇಳು ಅಂದ್ಲು. ಅದಕ್ಕ ಮಾಡಿದೆ."

"ಇಲ್ರೀ... ಅರ್ಜೆಂಟ್ ಕೆಲಸ ಬಂತ್ರಿ..."

"ಆರಾಮ ಅದೀರಲ್ಲ?"

"ಅದೀನ್ರಿ."

"ಆತು," ಎಂದು ಪಾಂಡುರಂಗ ಫೋನ್ ಇಟ್ಟ.

ಸೂರತ್ ಶಾಖೆ ದೀಪಾವಳಿಗೆ ತೆರೆಯಿತು. ಹನುಮಂತ ಅಲ್ಲಿ ಒಂಬತ್ತು ವರ್ಷ ಕೂತ. ಸಚಿನ್‌ನಿಂದ ಕರೆ ಬಂದರೆ ಬೇರೆಯವರನ್ನು ಕಳಿಸುತ್ತಿದ್ದ, ಯಾಕೆಂದು ಯಾರಿಗೂ ಹೇಳಲಿಲ್ಲ.