ಹರುಕುಗಿವಿ ಕೇಳದ ಮೊಲ

ಪೀಪಿ ಊದಿದ ರಭಸಕ್ಕೆ ಎರಮುನ್‌ನ ಮೇಲಿನ ಹಲ್ಲುಸೆಟ್ಟು ಬಾಯಿಂದ ಹಾರಿ ಸೇಜ್ ಪೊದೆಯ ಬುಡಕ್ಕೆ ಬಿತ್ತು. ಮೊಲ ಚೀರುವ ಸದ್ದು ಬರಬೇಕಾದಲ್ಲಿ ಸೈಕಲ್ ಚಕ್ರದ ಗಾಳಿ ಬಿಟ್ಟ ಹಾಗೆ ಪುಸ್ ಎಂದಿತು. ಇನ್ನೂರು ಗಜದಾಚೆ ಕಿವಿ ನಿಮಿರಿಸಿ ನಿಂತಿದ್ದ ಕಯೋಟಿ ಎಂಬ ಗಿಡ್ಡ ತೋಳ ಈ ಕಡೆಗೊಮ್ಮೆ ನೋಡಿತು. ಇಂಥ ಮೊಲವನ್ನು ಜನ್ಮದಲ್ಲಿ ಕಂಡಿಲ್ಲವಪ್ಪ ಎನ್ನುವಂತೆ ಮುಖ ತಿರುಗಿಸಿ, ಯಾವ ಅವಸರವೂ ಇಲ್ಲದೆ ದಿಬ್ಬ ಇಳಿದು ಹೋಯಿತು.

ಪಕ್ಕದಲ್ಲಿ ಬೋರಲು ಮಲಗಿದ್ದ ಮಗಳು ಮಾಯ್ತೆ ಟೋಪಿಯೊಳಗೆ ಮುಖ ಹುದುಗಿಸಿಕೊಂಡಿದ್ದಳು. ಅವಳ ಭುಜ ಕುಲುಕುತ್ತಿತ್ತು.

"ನಗಬೇಡ," ಎಂದ ಎರಮುನ್, ಹಲ್ಲಿನ ಮಣ್ಣು ಒರೆಸುತ್ತ.

"ನಾನೆಲ್ಲಿ ನಕ್ಕೆ? ಕೆಮ್ಮು ಬಂತಪ್ಪ."

"ನಿಮ್ಮಮ್ಮನಿಗೆ ಹೇಳ್ಬೇಡ ಮತ್ತೆ."

"ಅಯ್ಯೋ, ನಾನ್ಯಾಕೆ ಹೇಳಲಿ?"

ತಿಂಡಿಯ ಹೊತ್ತಿಗೆ ಅಮ್ಮನಿಗೆ ಎಲ್ಲ ಗೊತ್ತಾಗಿತ್ತು. ಕಟಾಲಿನ್ ಮೊಟ್ಟೆಯ ಜೊತೆ ಸಾಸೇಜು ಹುರಿಯುತ್ತ, ಗಂಡನ ಮುಖ ನೋಡದೆಯೇ ಹೇಳಿದಳು. "ಹಲ್ಲಿದ್ದಾಗ ಇಂಥಾ ಕಯೋಟಿ ಇರ್ಲಿಲ್ಲ. ಕಯೋಟಿ ಬಂದಾಗ ಹಲ್ಲಿಲ್ಲ. ದೇವರು ಕೊಟ್ಟರೆ ಹೀಗೇ ಕೊಡೋದು, ಅಲ್ವೇನ್ರೀ?"

"ಸಾಸೇಜು ಹಾಕು," ಎಂದ ಎರಮುನ್. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಅವನ ಪಾಲಿಗೆ ಅಕ್ಷರಶಃ ನಿಜವಾಗಿತ್ತು.

ವಿಷಯ ನಗೆಯದೇನೂ ಆಗಿರಲಿಲ್ಲ. ಒಂಬತ್ತು ದಿನಗಳಲ್ಲಿ ಹನ್ನೊಂದು ಮರಿಗಳು ಹೋಗಿದ್ದವು. ತಾಯಿಕುರಿಗಳನ್ನೂ ಮರಿಗಳನ್ನೂ ಬಿಗ್ ಹಾರ್ನ್ ಬೆಟ್ಟದ ಹುಲ್ಲಿಗೆ ಹೊಡೆಯಲು ಇನ್ನೂ ಮೂರು ವಾರವಿತ್ತು. ಅಲ್ಲಿಯವರೆಗೆ ಮಂದೆ ಹಳ್ಳದ ಪಕ್ಕದ ಬಯಲಿನಲ್ಲೇ ಇರಬೇಕು. ಷುರಿ ಎಂಬ ಬಿಳಿ ಕಾವಲುನಾಯಿ ಬಯಲಿನ ಈ ತುದಿಯಲ್ಲಿ ಬೊಗಳಿದರೆ ಕಯೋಟಿ ಆ ತುದಿಯಲ್ಲಿ ಮರಿ ಹಿಡಿಯುತ್ತಿತ್ತು. ಎಲ್ಲವೂ ಒಬ್ಬನದೇ ಕೆಲಸ. ಯಾವುದೋ ಜಗಳದಲ್ಲಿ ಎಡಗಿವಿ ಹರಿದುಕೊಂಡಿದ್ದ ದೊಡ್ಡ ಗಂಡು. ಮಾಯ್ತೆ ಅವನಿಗೆ ಹರುಕುಗಿವಿ ಎಂದೇ ಹೆಸರಿಟ್ಟಿದ್ದಳು.

ಎರಮುನ್‌ಗೆ ಎಪ್ಪತ್ತೊಂದು. ಬೆನ್ನು ಹಿಡಿದುಕೊಂಡ ವರ್ಷ ಉಣ್ಣೆ ಕತ್ತರಿಸುವುದನ್ನು ಬಿಟ್ಟ. ಮಂಡಿ ಕೈಕೊಟ್ಟ ವರ್ಷ ಕುದುರೆಯನ್ನು ಮಗಳಿಗೆ ಕೊಟ್ಟ. ಗಾಯಗೊಂಡ ಮೊಲದಂತೆ ಪೀಪಿ ಊದಿ ಕಯೋಟಿಯನ್ನು ಗುಂಡಿನಳತೆಗೆ ಕರೆಯುವುದೊಂದು ಉಳಿದಿತ್ತು. ಅದರಲ್ಲಿ ಬಫಲೊ ಪಟ್ಟಣದ ಸುತ್ತ ಅವನನ್ನು ಮೀರಿಸಿದವರಿರಲಿಲ್ಲ. ಕುತ್ತಿಗೆಗೆ ದಾರದಲ್ಲಿ ಕಟ್ಟಿಕೊಂಡ ಮರದ ಪೀಪಿ; ಅದರ ಬಾಯಲ್ಲಿ ಒಂದು ಪುಟ್ಟ ಗುಳಿ. ಆ ಗುಳಿಯ ಮೇಲೆ ಕೆಳತುಟಿ ಇಟ್ಟು, ಹಲ್ಲಿನಿಂದ ಮೆಲ್ಲಗೆ ಒತ್ತಿ ಊದಿದರೆ ಎರಡು ಮೈಲಿಯಾಚೆಯ ಕಯೋಟಿಗೂ ಬಾಯಲ್ಲಿ ನೀರೂರುತ್ತಿತ್ತು. ಚಳಿಗಾಲದಲ್ಲಿ ವೈದ್ಯರು ಹಲ್ಲೆಲ್ಲ ಕಿತ್ತು ಹೊಸ ಸೆಟ್ಟು ಕೂರಿಸಿದರು. ನಗುವುದಕ್ಕೆ ಬಲು ಚೆಂದ, ಊದುವುದಕ್ಕೆ ಮೂರು ಕಾಸಿಗೂ ಬಾರದು. ಇದೂ ಹೋದರೆ ತನಗೂ ಅಡುಗೆಮನೆಯ ಕುರ್ಚಿಗೂ ಏನು ವ್ಯತ್ಯಾಸ ಎಂದು ಅವನಿಗೆ ದಿಗಿಲಾಗಿತ್ತು. ಈ ದಿಗಿಲನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅದೇ ಸಂಜೆ ಮಾಯ್ತೆ ಪಟ್ಟಣದಿಂದ ಒಂದು ಪೆಟ್ಟಿಗೆ ತಂದಳು. ಪಾದರಕ್ಷೆಯ ಡಬ್ಬಿಯಷ್ಟು ದೊಡ್ಡದು, ಎದುರಿಗೆ ಸ್ಪೀಕರು, ಜೊತೆಗೊಂದು ರಿಮೋಟು. ಅದರೊಳಗೆ ಇನ್ನೂರು ಬಗೆಯ ಕೂಗುಗಳಿದ್ದವು. ಬೇರೆಯಾಗಿ ಒಂದು ಕಡ್ಡಿ. ಅದರ ತುದಿಗೆ ತುಪ್ಪಟದ ತುಂಡು. ಗುಂಡಿ ಒತ್ತಿದರೆ ಗಾಯಗೊಂಡ ಪ್ರಾಣಿ ಒದ್ದಾಡಿದ ಹಾಗೆ ಆ ತುಂಡು ಗಿರಗಿರ ಕುಣಿಯುತ್ತಿತ್ತು.

"ಇದೇನಿದು, ಬಾಲಕ್ಕೆ ದೆವ್ವ ಹಿಡಿದಿದೆಯಾ?" ಎಂದಳು ಕಟಾಲಿನ್.

"ಕಯೋಟಿ ಈ ಬಾಲವನ್ನ ನೋಡ್ತಾ ನಿಂತರೆ ನಮ್ಮನ್ನ ನೋಡಲ್ಲಮ್ಮ. ಅಷ್ಟೇ ಉಪಾಯ."

ಎರಮುನ್ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. ಆದರೆ ಮರುದಿನ ಬೆಳಿಗ್ಗೆ, ಬೇಡ ಬೇಡವೆನ್ನುತ್ತಲೇ ಮಗಳಿಗಿಂತ ಮೊದಲು ಹೋಗಿ ಗಾಡಿಯಲ್ಲಿ ಕೂತಿದ್ದ.

ಯಂತ್ರದ ಮೊಲ ಗಂಟಲು ಹರಿದುಕೊಂಡು ಚೀರಿತು. ಮೊದಲು ಬಂದದ್ದು ಒಂದು ಮ್ಯಾಗ್‌ಪೈ ಹಕ್ಕಿ. ಪೆಟ್ಟಿಗೆಯ ಮೇಲೆ ಕೂತು, ಬಗ್ಗಿ ಸ್ಪೀಕರಿನೊಳಗೆ ಇಣುಕಿತು. ಆಮೇಲೆ ಬಂದದ್ದು ಅವರದ್ದೇ ಷುರಿ. ಕುಣಿಯುವ ಬಾಲವನ್ನು ಕಚ್ಚಿ ಕಿತ್ತುಕೊಂಡು ತಂದು ಎರಮುನ್‌ನ ತೊಡೆಯ ಮೇಲೆ ಹಾಕಿ, ಬೆನ್ನು ತಟ್ಟಿಸಿಕೊಳ್ಳಲು ನಿಂತಿತು. ಕೊನೆಗೆ ದಿಬ್ಬದ ನೆತ್ತಿಯಲ್ಲಿ ಹರುಕುಗಿವಿ ಕಾಣಿಸಿಕೊಂಡ. ಕೂತ. ಚರ್ಚಿನಲ್ಲಿ ಉಪದೇಶ ಕೇಳುವವರ ಹಾಗೆ ಸ್ವಲ್ಪ ಹೊತ್ತು ಕೇಳಿ, ಬಾಯಗಲಿಸಿ ಆಕಳಿಸಿ, ಎದ್ದು ಹೋದ.

"ಇದೇನಪ್ಪ ಹೀಗೆ?"

"ಇಲ್ಲಿಂದ ಪಟ್ಟಣದವರೆಗೆ ಯಾರ ಗಾಡೀಲಿ ನೋಡಿದ್ರೂ ಇದೇ ಪೆಟ್ಟಿಗೆ, ಇದೇ ಮೊಲ," ಎಂದ ಎರಮುನ್. "ಒಂದೇ ಮೊಲ ಎಷ್ಟು ಸಲ ಸಾಯುತ್ತೆ ಮಗಳೇ? ಅವನಿಗೆ ಅದರ ಸಾವು ಬಾಯಿಪಾಠ ಆಗಿದೆ."

ಮನೆಗೆ ಬರುವಾಗ ಅವನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಮಧ್ಯಾಹ್ನ ಎರಡು ಬಟ್ಟಲು ಹುರುಳಿಸಾರು ಹೊಡೆದ, ಶಿಳ್ಳೆ ಹಾಕಲು ನೋಡಿದ, ಅದೂ ಬರಲಿಲ್ಲ. ಆದರೆ ಮರುದಿನ ಬಯಲಿನ ಬೇಲಿಯ ಬಳಿ ಇನ್ನೆರಡು ಮರಿಗಳು ಸತ್ತು ಬಿದ್ದಿದ್ದವು. ಒಂದರ ತಾಯಿ ಪಕ್ಕದಲ್ಲೇ ನಿಂತು, ಕೆಚ್ಚಲು ಬಿಗಿದು, ಬ್ಯಾ ಬ್ಯಾ ಎನ್ನುತ್ತಿತ್ತು. ಹಿಂದಿನ ದಿನದ ತನ್ನ ಸಂತೋಷ ನೆನೆದು ಎರಮುನ್‌ಗೆ ನಾಚಿಕೆಯಾಯಿತು. ಥೂ, ನಾನೂ ಒಬ್ಬ ಮನುಷ್ಯನೇ ಎಂದುಕೊಂಡ.

ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಅವನು ಸೆಟ್ಟು ಹಾಕಿಕೊಂಡು ಊದಿದ, ತೆಗೆದು ಊದಿದ, ಅಂಟು ಹಚ್ಚಿ ಊದಿದ. ಒಂದು ಸಲ ಬಾತುಕೋಳಿ ಬಂತು, ಒಂದು ಸಲ ಬಾಗಿಲಿನ ಕೀಲು ಬಂತು. ಮೊಲ ಮಾತ್ರ ಬರಲಿಲ್ಲ. ಪೀಪಿಯನ್ನು ಮೇಜಿನ ಮೇಲಿಟ್ಟು ಹೇಳಿದ. "ಯಂತ್ರ ಬೇಡ ಅಂತ ನಾನಿನ್ನು ಹೇಳಲ್ಲ ಮಾಯ್ತೆ. ಆದರೆ ಅವನು ಇದುವರೆಗೆ ಕೇಳದೇ ಇರೋ ಮೊಲ ಬೇಕು. ಅದನ್ನ ಎಲ್ಲಿಂದ ತರೋಣ?"

ಹಿಟ್ಟು ನಾದುತ್ತಿದ್ದ ಕಟಾಲಿನ್ ಕೈ ನಿಲ್ಲಿಸಿದಳು. ಗಂಡನನ್ನೊಮ್ಮೆ, ಪೀಪಿಯನ್ನೊಮ್ಮೆ ನೋಡಿದಳು. ಕೈ ತೊಳೆದು, ಒಳಕೋಣೆಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದಳು. ಅದರೊಳಗೆ ಒಂದು ಕ್ಯಾಸೆಟ್ಟಿತ್ತು.

"ನಲವತ್ತು ವರ್ಷದ ಹಿಂದಿನದು," ಎಂದಳು. "ಊರಲ್ಲಿದ್ದ ನಮ್ಮಮ್ಮನಿಗೆ ಕಾಗದ ಬರೆಯೋ ಬದಲು ಮಾತಾಡಿ ಕಳಿಸ್ತಿದ್ದೆನಲ್ಲ, ಅದರಲ್ಲೊಂದು. ನಾನು ಸಮಾಧಾನವಾಗಿ ಮಾತಾಡ್ತಾ ಇದ್ರೆ ನಿಮ್ಮಪ್ಪ ಇದೇ ಮೇಜಿನ ಹತ್ರ ಕೂತು ಅಭ್ಯಾಸ ಶುರು ಹಚ್ಕೊಂಡ್ರು. ಇದನ್ನ ಹೇಗೆ ಕಳಿಸೋದು? ಮಗಳ ಮನೇಲಿ ಯಾರನ್ನೋ ಕೊಲ್ತಿದಾರೆ ಅಂತ ನಮ್ಮಮ್ಮ ಎದೆ ಒಡ್ಕೊಳ್ತಿದ್ಲು."

"ಮತ್ತೆ ಯಾಕೆ ಇಟ್ಕೊಂಡೆ?" ಎಂದ ಎರಮುನ್.

"ಸಾಕ್ಷಿಗೆ. ಯಾವತ್ತಾದ್ರೂ ನ್ಯಾಯ ಕೇಳೋವಾಗ ಬೇಕಾಗುತ್ತೆ ಅಂತ."

ಹಳೆಯ ಟೇಪ್ ರೆಕಾರ್ಡರು ಕೆಮ್ಮಿ ಕ್ಯಾಕರಿಸಿ ತಿರುಗಿತು. ಎಳೆಯ ದನಿಯೊಂದು, ಅಮ್ಮಾ, ನಾವೆಲ್ಲ ಚೆನ್ನಾಗಿದ್ದೀವಿ, ಮರಿಗಳು ಈ ಸಲ ಗಟ್ಟಿಯಾಗಿವೆ ಎಂದು ಹೇಳತೊಡಗಿತು. ಆ ದನಿ ಅರ್ಧಕ್ಕೇ ನಿಂತು, ಹಿಂದುಗಡೆಯಿಂದ ಮೊಲ ಚೀರಿತು. ಮೊದಲು ಸಣ್ಣಗೆ, ಆಮೇಲೆ ಉಸಿರು ಸಿಕ್ಕಿಕೊಂಡ ಹಾಗೆ, ನಡುನಡುವೆ ನಿಂತು ನಿಂತು, ಕರುಳು ಹಿಂಡುವ ಹಾಗೆ. ತನ್ನ ಮೂವತ್ತೊಂದರ ಉಸಿರು, ತನ್ನ ಮೂವತ್ತೆರಡು ಹಲ್ಲು! ಎರಮುನ್‌ನ ಕಣ್ಣು ತುಂಬಿ ಬಂತು.

"ಇಷ್ಟು ಚೆನ್ನಾಗಿ ಊದ್ತಿದ್ನೇನೇ ನಾನು?"

"ಚೆನ್ನಾಗೇ ಊದ್ತಿದ್ರಿ. ಅದೇ ಸಂಕಟ," ಎಂದು ಕಟಾಲಿನ್ ಟೇಪು ನಿಲ್ಲಿಸಿದಳು. "ಸಾಕು, ಮುಂದೆ ಬರೋದು ನನ್ನ ಬೈಗುಳ."

ಮಾಯ್ತೆ ಕ್ಯಾಸೆಟ್ಟನ್ನು ತನ್ನ ಮೊಬೈಲಿಗೆ ಇಳಿಸಲು ಹಚ್ಚಿಟ್ಟು, ತಬ್ಬಲಿ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಲು ಹೋದಳು. ಬಂದು, ಮೊಲದ ಕೂಗಿಗೆ ಮೊದಲಿದ್ದ ಮಾತಷ್ಟನ್ನು ಕತ್ತರಿಸಿ, ಉಳಿದದ್ದನ್ನು ಪೆಟ್ಟಿಗೆಗೆ ತುಂಬಿದಳು. ಕೂಗಿನ ನಂತರದ್ದನ್ನು ಕತ್ತರಿಸಲಿಲ್ಲ. ಬೈಗುಳ ಬರುವಷ್ಟರಲ್ಲಿ ಗುಂಡಿ ಒತ್ತಿ ನಿಲ್ಲಿಸಿದರಾಯಿತು ಎಂದುಕೊಂಡಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರು ಹಳ್ಳದ ಮೇಲಿನ ಬಂಡೆಯ ಬಳಿ ಇದ್ದರು. ಷುರಿಯನ್ನು ಮನೆಯಲ್ಲಿ ಕಟ್ಟಿಹಾಕಿ ಬಂದಿದ್ದರು. ಮಾಯ್ತೆ ಪೆಟ್ಟಿಗೆಯನ್ನು ಬಂಡೆಯ ಪಕ್ಕದಲ್ಲೇ ಇಡಲು ಹೋದಾಗ ಎರಮುನ್ ತಡೆದ.

"ಅಲ್ಲಲ್ಲ. ಸದ್ದು ಎಲ್ಲಿ ಬರುತ್ತೋ ಅವನು ಅಲ್ಲೇ ಕಣ್ಣಿಡ್ತಾನೆ. ಅಗೋ, ಆ ಒಣಪೊದೆ ಹತ್ರ ಇಡು, ನಮಗೆ ಐವತ್ತು ಹೆಜ್ಜೆ ದೂರ. ಬಾಲ ಅದರ ಪಕ್ಕಕ್ಕೆ." ಒಂದು ಚಿಟಿಕೆ ಧೂಳು ತೆಗೆದು ಬಿಟ್ಟು ನೋಡಿದ. "ಗಾಳಿ ಬೆಟ್ಟದಿಂದ ಕೆಳಗೆ ಬೀಸ್ತಿದೆ. ಕಿವಿ ಹೇಳಿದ್ದನ್ನ ಅವನು ನಂಬಲ್ಲ, ಮೂಗನ್ನ ಕೇಳ್ತಾನೆ. ವಾಸನೆ ಹಿಡಿಯೋಕೆ ಕೆಳಗಡೆಯಿಂದ ಸುತ್ತಿ ಬರ್ತಾನೆ. ಅಲ್ಲಿ ಕೊರಕಲಿದೆ. ಅದರ ಅಂಚಲ್ಲೇ ನಮ್ಮ ಮುಂದೆ ಹಾದುಹೋಗ್ಬೇಕು."

"ಇದನ್ನೆಲ್ಲ ಪೆಟ್ಟಿಗೆ ಜೊತೆಗಿನ ಪುಸ್ತಕದಲ್ಲಿ ಬರೆದೇ ಇಲ್ಲ."

"ಪುಸ್ತಕ ಬರೆದೋನು ಕುರಿ ಕಾದಿದ್ನಾ? ಮೊದಲು ಸಣ್ಣಗೆ ಹಚ್ಚು. ಪಕ್ಕದಲ್ಲೇ ಇದ್ರೆ ಬೆಚ್ಚಿಬೀಳ್ತಾನೆ."

ರೈಫಲನ್ನು ಬಂಡೆಯ ಮೇಲೆ ಒರಗಿಸಿ ಅವನು ಅಡ್ಡಾದ. ಊದುವ ಕೆಲಸವಿಲ್ಲದ್ದರಿಂದ ಹಲ್ಲುಸೆಟ್ಟು ಕರವಸ್ತ್ರದಲ್ಲಿ ಸುತ್ತಿ ಅಂಗಿಜೇಬಿನಲ್ಲಿತ್ತು, ಪೀಪಿ ಮಾತ್ರ ಎಂದಿನಂತೆ ಕುತ್ತಿಗೆಯಲ್ಲಿತ್ತು.

ಒಣಪೊದೆಯ ಬಳಿ ಮೊಲ ಚೀರಿತು. ಬಾಲ ಕುಣಿಯಿತು. ಐದು ನಿಮಿಷ ಏನೂ ಇಲ್ಲ. ಮಾಯ್ತೆ ದನಿಯನ್ನು ಸ್ವಲ್ಪ ಏರಿಸಿದಳು. ದಿಬ್ಬದ ಮೇಲೆ ಎರಡು ಕಿವಿ ಎದ್ದವು. ಒಂದು ನೆಟ್ಟಗೆ, ಇನ್ನೊಂದು ಹರಿದು ಜೋತದ್ದು. ಈ ಸಲ ಆಕಳಿಕೆ ಇಲ್ಲ, ಉಪದೇಶ ಕೇಳುವ ಗಾಂಭೀರ್ಯವೂ ಇಲ್ಲ. ಹರುಕುಗಿವಿ ದಿಬ್ಬ ಇಳಿದು, ಎರಮುನ್ ಹೇಳಿದಂತೆಯೇ ಕೆಳಗಡೆಯಿಂದ ಸುತ್ತಿ, ಕೊರಕಲಿನ ಅಂಚು ಹಿಡಿದು ಬಂದ. ಆದರೆ ಓಡುತ್ತ ಬಂದ. ಕಣ್ಣು ಬಾಲದ ಮೇಲೆ, ಕಾಲು ನೆಲದ ಮೇಲೆ ಇದ್ದಹಾಗೇ ಇಲ್ಲ. ಓಡುವ ಕಯೋಟಿಗೆ ಗುಂಡು ಹಾರಿಸುವುದು ಹಾರುವ ನೊಣಕ್ಕೆ ಕಲ್ಲೆಸೆದ ಹಾಗೆ. ನಾಯಿಯಂತೆ ಒಂದು ಸಲ ಬೊಗಳಿ ನಿಲ್ಲಿಸಬೇಕು, ಎಲ್ಲ ಬೇಟೆಗಾರರೂ ಮಾಡುವುದು ಅದನ್ನೇ. ಎರಮುನ್ ಬಾಯಿ ತೆರೆದು ಬೊಗಳಿದ. ಬರಿಯ ವಸಡಿನ ನಡುವಿನಿಂದ ಫೂ ಎಂದು ಗಾಳಿ ಹೊರಟಿತು. ಹಲ್ಲು ಜೇಬಿನಲ್ಲಿದೆ ಎಂಬುದು ಆಗ ನೆನಪಾಯಿತು. ಕೆಟ್ಟೆ ಎಂದುಕೊಂಡ. ರಿಮೋಟು ಹಿಡಿದ ಮಾಯ್ತೆ ಎಲ್ಲವನ್ನೂ ಮರೆತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಅಷ್ಟರಲ್ಲಿ ಒಣಪೊದೆ ಗುಡುಗಿತು.

"ನಿಲ್ಸ್ರೀ ಸಾಕು! ಮನೆ ಅಂದ್ಕೊಂಡಿದೀರಾ, ಕಸಾಯಿಖಾನೆ ಅಂದ್ಕೊಂಡಿದೀರಾ?"

ಹರುಕುಗಿವಿ ನಾಲ್ಕು ಕಾಲೂ ಊರಿ ನಿಂತುಬಿಟ್ಟ. ಮೊಲ ಬೈಯುವುದನ್ನು ಅವನು ಇದೇ ಮೊದಲು ಕೇಳಿದ್ದು. ಸತ್ಯ ಹೇಳಬೇಕೆಂದರೆ ಎರಮುನ್‌ನ ಬೆರಳೂ ನಿಂತಿತು. ನಲವತ್ತು ವರ್ಷದ ಅಭ್ಯಾಸ, ಆ ದನಿಗೆ ಕೈ ತಾನಾಗಿಯೇ ನಿಲ್ಲುತ್ತದೆ. ಆಮೇಲೆ ಉಸಿರು ಅರ್ಧ ಬಿಟ್ಟು ಗುಂಡು ಹಾರಿಸಿದ.

ಸದ್ದು ಬೆಟ್ಟದವರೆಗೆ ಹೋಗಿ ಬಂತು. ಹರುಕುಗಿವಿ ನಿಂತಲ್ಲೇ ಕುಸಿದಿದ್ದ. ಇನ್ನೊಂದು ಗುಂಡು ಬೇಕಾಗಲಿಲ್ಲ.

"ಅಮ್ಮ ಹೊಡೆದ್ಲು," ಎಂದಳು ಮಾಯ್ತೆ, ನಗುತ್ತ, ಕಣ್ಣೊರೆಸುತ್ತ. "ಅಪ್ಪಾ, ಇದನ್ನ ಅಮ್ಮನೇ ಹೊಡೆದಿದ್ದು ಕಣಪ್ಪ!"

"ಮನೇಲಿ ಹಾಗನ್ಬೇಡ. ಆಮೇಲೆ ಆಯಸ್ಸೆಲ್ಲ ಕೇಳ್ಬೇಕಾಗುತ್ತೆ."

ಅವಳು ರಿಮೋಟಿನ ಕಡೆ ಹೆಬ್ಬೆರಳು ತಂದಳು. ಪೆಟ್ಟಿಗೆ ಇನ್ನೂ ಮಾತಾಡುತ್ತಿತ್ತು, ದನಿ ಈಗ ಮೆತ್ತಗಾಗಿತ್ತು.

"...ಅಮ್ಮಾ, ಕೇಳ್ತಿದೀಯಾ? ಇವರದು ಯಾವಾಗ್ಲೂ ಇದ್ದದ್ದೇ ಬಿಡು. ಮಗೂಗೆ ಹಲ್ಲು ಬಂತು ಕಣಮ್ಮ. ಕೆಳಗಡೆ, ಎರಡೇ ಎರಡು, ಅಕ್ಕಿಕಾಳಿನ ಹಾಗೆ. ಸಿಕ್ಕಿದ್ದನ್ನೆಲ್ಲ ಕಚ್ತಾಳೆ. ನಿನ್ನೆ ಇವರ ಪೀಪೀನೂ ಕಚ್ಚಿ ಗುಳಿ ಬೀಳಿಸಿದ್ದಾಳೆ. ಬೈತಾರೇನೋ ಅಂದ್ಕೊಂಡ್ರೆ, ಈಗ ತುಟಿ ಸರಿಯಾಗಿ ಕೂರುತ್ತೆ, ಸದ್ದು ಚೆನ್ನಾಗಿ ಬರುತ್ತೆ ಅಂತ ಮಗಳನ್ನ ಎತ್ಕೊಂಡು ಕುಣಿದಿದ್ದೇ ಕುಣಿದಿದ್ದು..."

ಮಾಯ್ತೆಯ ಹೆಬ್ಬೆರಳು ಗುಂಡಿಯ ಮೇಲೇ ಉಳಿಯಿತು. ಒತ್ತಲಿಲ್ಲ. ದನಿ ಮುಗಿದು, ಪೆಟ್ಟಿಗೆ ಸರಸರ ಎಂದು, ತಾನಾಗಿ ಸುಮ್ಮನಾಯಿತು.

ಎರಮುನ್ ಜೇಬಿನಿಂದ ಹಲ್ಲು ತೆಗೆದು ಒರೆಸಿ ಬಾಯಿಗಿಟ್ಟುಕೊಂಡ. ಕುತ್ತಿಗೆಯಿಂದ ದಾರ ಬಿಚ್ಚಿ ಪೀಪಿಯನ್ನು ಬೆಳಕಿಗೆ ಹಿಡಿದು, ಆ ಗುಳಿಯ ಮೇಲೆ ಉಗುರಾಡಿಸಿ ನೋಡಿದ. ಆಮೇಲೆ ಮಗಳ ಕಡೆ ಚಾಚಿದ.

"ತಗೋ. ಊದು ನೋಡೋಣ."

"ನಾನಾ? ನನಗೆ ಬರಲ್ಲಪ್ಪ."

"ಬರಲ್ಲ ಅಂತ ಗೊತ್ತು. ಅದಕ್ಕೇ ನಾನಿರೋದು. ಗುಳಿ ಕೆಳಗಡೆ ಬರಲಿ. ಹಾಂ. ಈಗ ಮೆಲ್ಲಗೆ."

ಮಾಯ್ತೆ ಊದಿದಳು. ಬಾತುಕೋಳಿಯ ದನಿ ಬಂತು. "ಪರವಾಗಿಲ್ಲ, ಇನ್ನೊಂದು ಸಲ," ಎಂದ ಎರಮುನ್, ಬಂಡೆಗೆ ಬೆನ್ನು ಕೊಟ್ಟು ಕಾಲು ಚಾಚಿಕೊಳ್ಳುತ್ತ. ಅಲ್ಲಿ ಒಣಪೊದೆಯ ಬಳಿ, ನಿಲ್ಲಿಸಲು ಯಾರಿಗೂ ನೆನಪಾಗದ ಬಾಲ ಎಳೆಬಿಸಿಲಿನಲ್ಲಿ ಗಿರಗಿರ ಕುಣಿಯುತ್ತಲೇ ಇತ್ತು.